ಮನೇಲೇ ಫ್ಲೈ ರಾಡ್ ಕಟ್ಟಿದ್ದು, ಆಮೇಲೆ ಮೀನೇ ಸಿಗದ ಏಳು ಭಾನುವಾರ

(ಊಟದ ಟೇಬಲ್ ಮೇಲೆ ರಾಡ್. ಕ್ಯಾಮೆರಾ ಮೂರನೇ ಗೈಡ್ ಹತ್ರ ಬರಬೇಕು.)

ಎಲ್ರಿಗೂ ನಮಸ್ಕಾರ. ಈ ಗೈಡ್, ಅಂದ್ರೆ ಗಾಳದ ಲೈನ್ ತೂರಿ ಹೋಗೋ ಉಂಗುರದ ಪಕ್ಕ ಒಂದು ಉಬ್ಬು ಕಾಣ್ತಿದೆಯಲ್ವಾ, ಅದು ಎಪಾಕ್ಸಿ ಅನ್ನೋ ಅಂಟು, ಒಂದೇ ಕಡೆ ಜೋತು ಬಿದ್ದು ಹಾಗೇ ಗಟ್ಟಿಯಾಗಿದೆ. ಯಾಕೆ ಅಂತ ಆಮೇಲೆ ಹೇಳ್ತೀನಿ. ಈ ರಾಡ್ ನಾನೇ ಕಟ್ಟಿದ್ದು, ಬನಶಂಕರಿ ಮನೇಲಿ, ಇದೇ ಟೇಬಲ್ ಮೇಲೆ, ಆಫೀಸಿಂದ ಬಂದು ಊಟ ಆದ್ಮೇಲೆ ಒಂದೊಂದು ಗಂಟೆ ಅಂತ ಮೂರು ವಾರ.

ಫ್ಲೈ ರಾಡ್ ಅಂದ್ರೇನು ಅಂತ ಗೊತ್ತಿಲ್ದೇ ಇರೋರಿಗೆ ಒಂದ್ನಿಮಿಷ. ಊರಲ್ಲಿ ನಮ್ ಚಿಕ್ಕಪ್ಪ ಬಿದಿರು ಕೋಲಿಗೆ ದಾರ ಕಟ್ಟಿ ಎರೆಹುಳ ಚುಚ್ಚಿ ಗಾಳ ಹಾಕೋರು, ಅಲ್ಲಿ ಸೀಸದ ಗುಂಡಿನ ತೂಕ ದಾರಾನ ಎಳ್ಕೊಂಡು ಹೋಗುತ್ತೆ. ಇಲ್ಲಿ ಕೊಕ್ಕೆಗೆ ಹುಳದ ಥರ ಕಾಣೋ ಹಾಗೆ ಕಟ್ಟಿರೋದು ಬರೀ ಪುಕ್ಕ, ದಾರ, ತೂಕಾನೇ ಇಲ್ಲ, ಹಾಗೇ ಎಸೆದ್ರೆ ಕಾಲ ಬುಡದಲ್ಲೇ ಬೀಳುತ್ತೆ. ಅದಕ್ಕೇ ತೂಕಾನ ಲೈನ್‌ಗೇ ಕೊಟ್ಟಿರ್ತಾರೆ, ಲೈನ್ ಹಿಂದೆ ಮುಂದೆ ಹಾರ್ಕೊಂಡು ಹುಳಾನ ಹೊತ್ಕೊಂಡು ಹೋಗುತ್ತೆ. ರಾಡ್ ಮೇಲೆ 5 ವೆಯ್ಟ್ ಅಂತ ಇದ್ರೆ ಅದಕ್ಕೆ ಹಾಕೋ ಲೈನ್‌ನ ಮೊದಲ 30 ಅಡಿ ಸುಮಾರು 9 ಗ್ರಾಂ, 8 ವೆಯ್ಟ್ ಆದ್ರೆ ಹದಿಮೂರೂವರೆ ಗ್ರಾಂ. ನಂದು 9 ಅಡಿ, 5 ವೆಯ್ಟ್, ನಾಲ್ಕು ತುಂಡು. ಜಿಲೇಬಿ ಮೀನಿಗೆ, ಸಣ್ಣ ಗೆಂಡೆಗೆ ಇದು ಸಾಕು.

ಕಾವೇರೀಲಿ ಬಿಳಿ ಮೀನು, ಅಂದ್ರೆ ಮಹಶೀರ್ ಹಿಡೀಬೋದಾ ಅಂತ ತುಂಬಾ ಜನ ಕೇಳ್ತಾರೆ. ದಯವಿಟ್ಟು ಬೇಡ. ಆ ಡುಬ್ಬದ ಮಹಶೀರ್ ಕಾವೇರಿ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, 2018ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನ ಅಳಿವಿನ ಅಂಚಿನಲ್ಲಿರೋ ಪಟ್ಟಿಗೆ ಸೇರಿಸಿದೆ. ನಾನು ಹೋಗೋದು ಕನಕಪುರ ಕಡೆ ಸ್ನೇಹಿತರೊಬ್ಬರ ತೋಟದ ಕೃಷಿ ಹೊಂಡಕ್ಕೆ, ಅವರನ್ನ ಕೇಳ್ಕೊಂಡೇ.

ಸರಿ, ಕಟ್ಟೋದಕ್ಕೆ ಬರೋಣ. (ತುಂಡುಗಳನ್ನ ಒಂದೊಂದಾಗಿ ತೋರಿಸ್ತಾ) ಬೇಕಾಗಿರೋದು ಬ್ಲಾಂಕ್, ಅಂದ್ರೆ ಗ್ರಾಫೈಟ್ ಕೊಳವೆ, ಕಾರ್ಕ್ ಹಿಡಿ, ಲೈನ್ ಸುತ್ತೋ ರೀಲ್ ಕೂರಿಸೋಕೆ ರೀಲ್ ಸೀಟ್, ಗೈಡ್‌ಗಳು, ನೈಲಾನ್ ದಾರ, ಎಪಾಕ್ಸಿ. ಮೊದಲು ಪ್ರತಿ ತುಂಡಿನ ಸ್ಪೈನ್, ಅಂದ್ರೆ ಕೊಳವೆ ಬಗ್ಗೋಕೆ ಜಾಸ್ತಿ ಬಿಗಿ ಇರೋ ಕಡೆ ಹುಡುಕಬೇಕು. ಬುಡ ಟೇಬಲ್ ಮೇಲಿಟ್ಟು ತುದಿ ಮೇಲೆತ್ತಿ, ಮಧ್ಯೆ ಅಂಗೈಯಲ್ಲಿ ಸ್ವಲ್ಪ ಒತ್ತಿ ಉರುಳಿಸಿದ್ರೆ ಒಂದು ಕಡೆ ಟಕ್ ಅಂತ ತಾನಾಗೇ ತಿರುಗಿ ಕೂತ್ಕೊಳ್ಳುತ್ತೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಎಲ್ಲಾ ತುಂಡಿಗೂ ಗೈಡ್‌ನ ಅದೇ ಲೆಕ್ಕದಲ್ಲಿ ಕೂರಿಸಿ.

ಗೈಡ್‌ನ ಬ್ಲಾಂಕ್ ಮೇಲಿಟ್ಟು ದಾರ ಸುತ್ತಿ ಕಟ್ಟಬೇಕು. ಅದಕ್ಕೂ ಮುಂಚೆ ಗೈಡ್ ಪಾದಾನ ಅರದಲ್ಲಿ ಉಜ್ಜಿ ತುದಿ ತೆಳ್ಳಗೆ ಮಾಡ್ಕೊಳ್ಳಿ, ಇಲ್ಲಾಂದ್ರೆ ದಾರ ಮೇಲೆ ಹತ್ತೋವಾಗ ಸಂದಿ ಬಿಡುತ್ತೆ. ದಾರ ಸುತ್ತೋ ಮೆಷಿನ್ ಏನೂ ಬೇಡ, ರಟ್ಟಿನ ಡಬ್ಬದ ಎರಡೂ ಕಡೆ ವಿ ಆಕಾರದಲ್ಲಿ ಕತ್ತರಿಸಿ ರಾಡ್ ಇಡಿ, ದಾರಾನ ದಪ್ಪ ಡಿಕ್ಷನರಿ ಹಾಳೆಗಳ ಮಧ್ಯದಿಂದ ತಂದ್ರೆ ಬಿಗಿ ಒಂದೇ ಸಮ ಬರುತ್ತೆ, ನಿಮ್ಮ ಕೆಲಸ ರಾಡ್ ತಿರುಗಿಸೋದಷ್ಟೇ. ಸುತ್ತು ಪಕ್ಕ ಪಕ್ಕ ಬಿಗಿಯಾಗಿ ಕೂರಬೇಕು, ಮಧ್ಯೆ ಬೆಳಕು ಕಂಡ್ರೆ ಬಿಚ್ಚಿ ಮತ್ತೆ ಸುತ್ತಿ, ನನಗೆ ಮೊದಲ ಗೈಡ್‌ಗೇ ಎರಡು ಸಂಜೆ ಹೋಯ್ತು. ಆದ್ರೆ ಈ ಕೆಲಸ ನನಗಿಷ್ಟ ಆಗಿದ್ದು ಅದಕ್ಕೇ, ತಪ್ಪಾದ್ರೆ ಎಲ್ಲಿ ತಪ್ಪಾಯ್ತು ಅಂತ ಕಣ್ಣಿಗೆ ಕಾಣುತ್ತೆ.

ಸುತ್ತಿದ ದಾರದ ಮೇಲೆ ಹಚ್ಚೋ ಎಪಾಕ್ಸೀಲಿ ಮಾತ್ರ ಕಣ್ಣಂದಾಜು ಮಾಡ್ಬೇಡಿ. ಅದು ಎರಡು ಬಾಟಲಿದು, ರೆಸಿನ್ ಮತ್ತೆ ಹಾರ್ಡನರ್, ಬೆರೆಸಿದ್ರೇ ಗಟ್ಟಿಯಾಗೋದು. ಎರಡು ಸಿರಿಂಜ್ ತಗೊಂಡು ಸರಿಸಮ ಅಳೀಬೇಕು. ನಾನು ಮೊದಲ ಸಲ ಅಂದಾಜಲ್ಲಿ ಹಾಕಿ ನಾಲ್ಕು ದಿನ ಆದ್ರೂ ಅಂಟಂಟು. ಜುಲೈ ಜಡಿಮಳೆ ತಂಡೀಲಿ ಎಪಾಕ್ಸಿ ಮಂದವಾಗಿ ಗುಳ್ಳೆ ಒಳಗೇ ಉಳ್ಕೊಳ್ಳುತ್ತೆ, ಬಾಟಲಿನ ಸ್ವಲ್ಪ ಹೊತ್ತು ಬಿಸಿನೀರಲ್ಲಿಟ್ಟು ತೆಗೀರಿ. ಹಚ್ಚಿದ ಮೇಲೆ ಮೂರ್ನಾಲ್ಕು ಗಂಟೆ ರಾಡ್ ನಿಧಾನವಾಗಿ ತಿರುಗ್ತಾನೇ ಇರಬೇಕು. ಅದಕ್ಕೆ ಎಸ್.ಪಿ. ರೋಡಲ್ಲಿ ಏರ್ ಕೂಲರ್‌ಗೆ ಹಾಕೋ ಸಣ್ಣ ಸಿಂಕ್ರೊನಸ್ ಮೋಟಾರ್ ತಂದೆ, ನಿಮಿಷಕ್ಕೆ ಐದಾರು ಸುತ್ತು ತಿರುಗುತ್ತೆ. ರಾತ್ರಿ ಹನ್ನೊಂದಕ್ಕೆ ಆನ್ ಮಾಡಿ ಮಲಗಿದೆ, ಯಾವಾಗಲೋ ಕರೆಂಟ್ ಹೋಗಿದೆ, ಬೆಳಿಗ್ಗೆ ನೋಡಿದ್ರೆ ಈ ಉಬ್ಬು.

(ಹೊಂಡದ ದೃಶ್ಯ, ಬೆಳಗಿನ ಮಂಜು)

ಅಷ್ಟು ಪ್ರೀತಿಯಿಂದ ಕಟ್ಟಿದ ರಾಡ್ ತಗೊಂಡು ಡಿಸೆಂಬರಲ್ಲಿ ಬೆಳಿಗ್ಗೆ ಆರಕ್ಕೇ ಹೊಂಡದ ಹತ್ರ ನಿಂತೆ. ಒಂದು ಭಾನುವಾರ, ಎರಡು, ಮೂರು, ಒಂದೂ ಮೀನಿಲ್ಲ. ನಾಲ್ಕನೇ ವಾರ ಏನೋ ದೊಡ್ಡದು, ರೋಹು ಅನ್ಸುತ್ತೆ, ಕಚ್ಚಿ ಒಂದೇ ಎಳೆತಕ್ಕೆ ಕಿತ್ಕೊಂಡು ಹೋಯ್ತು. ವಾಪಸ್ ಬರೋವಾಗ ಕನಕಪುರ ರೋಡ್ ಟ್ರಾಫಿಕ್ಕಲ್ಲಿ ಕೂತು ಗಂಟಲು ಕಟ್ಟಿತು, ಇಷ್ಟು ದೊಡ್ಡವನಾಗಿ ಒಂದು ಮೀನಿಗೆ ಹೀಗಾಗುತ್ತಾ ಅಂತ, ಆಗುತ್ತೆ ಫ್ರೆಂಡ್ಸ್, ಮನಸ್ಸಿಟ್ಟು ಮಾಡಿದ್ದಕ್ಕೆ ಬೇಜಾರೂ ಅಷ್ಟೇ ಆಗುತ್ತೆ.

ಮನೆಗೆ ಬಂದು ಲೈನ್ ತುದಿ ನೋಡಿದೆ. ಸುರುಳಿ ಸುರುಳಿ ಆಗಿತ್ತು. ಹಾಗಿದ್ರೆ ಲೈನ್ ತುಂಡಾಗಿಲ್ಲ, ಗಂಟು ಜಾರಿದೆ. ಗಂಟು ಬಿಗಿಯೋ ಮುಂಚೆ ಬಾಯಲ್ಲಿ ಒದ್ದೆ ಮಾಡ್ಕೋಬೇಕು, ಒಣಗಿದ್ದನ್ನೇ ಎಳೆದ್ರೆ ಉಜ್ಜಿದ ಬಿಸಿಗೆ ನೈಲಾನ್ ಸೋತುಹೋಗುತ್ತೆ. ಅವತ್ತಿಂದ ಒಂದು ನೋಟ್‌ಬುಕ್ ಇಟ್ಟೆ: ಟೈಮು, ಗಾಳಿ, ನೀರಿನ ಬಿಸಿ, ಯಾವ ಹುಳ. ಖಾಲಿ ಕೈಲಿ ಬಂದ ದಿನ ಜಾಸ್ತಿ ಬರೀತಿದ್ದೆ. ಸಂಜೆ ಹೊತ್ತು ಮೈದಾನದಲ್ಲಿ ಕೊಕ್ಕೆ ಬದಲು ಉಣ್ಣೆ ದಾರ ಕಟ್ಟಿ ಬೀಸೋದು ಪ್ರಾಕ್ಟೀಸ್ ಮಾಡ್ತಿದ್ದೆ, ಆ ಅರ್ಧ ಗಂಟೆ ಮೀನಿನ ಯೋಚನೇನೇ ಬರ್ತಿರ್ಲಿಲ್ಲ, ಅದೇ ನನ್ನ ಆ ತಿಂಗಳು ದಾಟಿಸಿದ್ದು.

ಏಳನೇ ವಾರ ಆದ್ಮೇಲೆ ನೋಟ್ ಎಲ್ಲಾ ಒಟ್ಟಿಗೆ ಓದಿದಾಗ ಗೊತ್ತಾಯ್ತು, ಬೆಳಿಗ್ಗೆ ನೀರು 20 ಡಿಗ್ರಿ ಹತ್ರ ಇರ್ತಿತ್ತು. ಜಿಲೇಬಿ ಬೆಚ್ಚಗಿನ ನೀರಿನ ಮೀನು, ತಣ್ಣಗಾದ್ರೆ ಮೇಯೋದೇ ಕಮ್ಮಿ. ಎಂಟನೇ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಹೋದೆ, ಅರ್ಧ ಗಂಟೇಲಿ ರಾಡ್ ಬಗ್ಗಿತು. ಅಂಗೈ ಅಗಲದ ಜಿಲೇಬಿ. ತೋಟ ನೋಡ್ಕೊಳ್ಳೋ ಅಣ್ಣನಿಗೆ ಕೊಟ್ಟೆ, ಅವರ ಮನೇಲಿ ಅವತ್ತು ಸಾರು.

(ಮತ್ತೆ ಟೇಬಲ್. ಕೈಯಲ್ಲಿ ಬ್ಲೇಡ್.)

ಈಗ ಈ ಉಬ್ಬು ತೆಗೆಯೋಣ. ಬ್ಲೇಡ್ ಇಡೋದು ಗೈಡ್ ಪಾದದ ಮೇಲೆ ಮಾತ್ರ, ಕೆಳಗೆ ಲೋಹ ಇರೋ ಕಡೆ. ಬ್ಲಾಂಕ್ ಮೇಲೆ ಗೀರು ಬಿದ್ರೆ ಒಂದಿನ ಅಲ್ಲೇ ಮುರಿಯುತ್ತೆ. ನಿಧಾನ... ನೋಡಿ, ಬಂತು. ಈ ಸಲ ಮೋಟಾರ್‌ನ ಇನ್ವರ್ಟರ್ ಪ್ಲಗ್‌ಗೆ ಹಾಕಿದೀನಿ.