ವರ್ಷ ಬಿಟ್ಟು ಮನಃಶಾಸ್ತ್ರ ಪದವಿಗೆ ಸೇರುವವರಿಗೆ

(ಮಂಡ್ಯದಲ್ಲಿ ಪಿಯುಸಿ ಮುಗಿಸಿದ ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ಸಿದ್ಧಪಡಿಸಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲುಗಳಲ್ಲಿ ಪೋಷಕರು ಕೂತಿದ್ದೀರಿ, ಮಕ್ಕಳು ಹಿಂದೆ ಸೇರಿಕೊಂಡಿದ್ದಾರೆ. ಇರಲಿ, ಇವತ್ತಿನ ಮಾತು ಇಬ್ಬರಿಗೂ ಬೇಕಾದದ್ದು.

ನೀವೆಲ್ಲ ಕೇಳಬೇಕೆಂದು ಬಂದಿರುವ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಪಿಯುಸಿ ಆದಮೇಲೆ ಒಂದು ವರ್ಷ ಬಿಟ್ಟಿದ್ದೇ ಕಾರಣವಾಗಿ ಬಿ.ಎ. ಮನಃಶಾಸ್ತ್ರದ ಸೀಟು ತಪ್ಪುವುದಿಲ್ಲ. ಪದವಿಗೆ ಬೇಕಾದ ಮೂಲ ಅರ್ಹತೆ ದ್ವಿತೀಯ ಪಿಯುಸಿ, ಇಲ್ಲವೇ ಅದಕ್ಕೆ ಸಮಾನ ಎಂದು ವಿಶ್ವವಿದ್ಯಾಲಯ ಒಪ್ಪಿದ ಪರೀಕ್ಷೆ ಪಾಸಾಗಿರುವುದು. ಸೀಟು ತಪ್ಪಿಸುವುದು ಬೇರೆ ಮೂರು ಸಂಗತಿಗಳು: ಕೈಯಲ್ಲಿಲ್ಲದ ಮೂಲ ದಾಖಲೆ, ಗಮನಿಸದೆ ಹೋದ ಕೊನೇ ದಿನಾಂಕ, ಮತ್ತು ವಿಷಯಗಳ ಜೋಡಣೆ ನೋಡದೆ ಭರ್ತಿ ಮಾಡಿದ ಅರ್ಜಿ.

ನಮ್ಮ ಕಡೆ ವರ್ಷ ಬಿಡುವವರಲ್ಲಿ ದೊಡ್ಡ ಪಾಲು ನೀಟ್ ಲಾಂಗ್ ಟರ್ಮ್‌ಗೆ ಹೋದವರದು. ಒಂದೋ ಎರಡೋ ವಿಷಯ ಉಳಿದು ಮತ್ತೆ ಪರೀಕ್ಷೆ ಕಟ್ಟಿದವರು ಇನ್ನೊಂದು ಬಗೆ. ನರ್ಸಿಂಗೋ ಇಂಜಿನಿಯರಿಂಗೋ ಸೇರಿ, ಹಿಡಿಸದೆ ಬಿಟ್ಟು ಬಂದವರು ಮೂರನೆಯವರು. ಹೊರಗಿನಿಂದ ನೋಡಿದರೆ ಎಲ್ಲರಿಗೂ ಒಂದೇ ವರ್ಷ ಹೋದಂತೆ ಕಾಣುತ್ತದೆ. ಆದರೆ ಒಬ್ಬೊಬ್ಬರಿಗೂ ತೊಡಕು ಬೇರೆ ಜಾಗದಲ್ಲಿರುತ್ತದೆ.

ಮೊದಲು ಬೇಡದ ಭಯಗಳನ್ನು ಕಳೆಯೋಣ. ಮನಃಶಾಸ್ತ್ರ ಪದವಿಗೆ ನೀಟ್ ಬೇಡ, ಸಿಇಟಿ ಬೇಡ. ನೀಟ್ ಬೇಕಾಗುವುದು ಎಂಬಿಬಿಎಸ್ ಓದಿ ಆಮೇಲೆ ಮನೋವೈದ್ಯರಾಗುವವರಿಗೆ. ಔಷಧಿ ಬರೆದುಕೊಡುವ ಮನೋವೈದ್ಯರ ದಾರಿ ಬೇರೆ, ಮನಃಶಾಸ್ತ್ರಜ್ಞರ ದಾರಿ ಬೇರೆ. ಪಿಯುಸಿಯಲ್ಲಿ ಮನಃಶಾಸ್ತ್ರ ಓದಿರಲೇಬೇಕೆಂದೂ ಇಲ್ಲ. ವಿಜ್ಞಾನ, ವಾಣಿಜ್ಯ ಓದಿದವರೂ ಬಿ.ಎ.ಗೆ ಬರಬಹುದು. ಬಿ.ಎಸ್ಸಿ.ಯಲ್ಲಿ ಮನಃಶಾಸ್ತ್ರ ಬೇಕೆಂದರೆ ಮಾತ್ರ ಕಾಲೇಜು ಕೇಳುವ ಪಿಯುಸಿ ವಿಷಯಗಳನ್ನು ವಿವರಣ ಪುಸ್ತಿಕೆಯಲ್ಲಿ ನೋಡಿಕೊಳ್ಳಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಅಂದರೆ ಆಯಿಷ್‌ನಲ್ಲಿ ಪಿಯುಸಿ ಆದವರಿಗಿರುವ ಪ್ರಸಿದ್ಧ ಪದವಿ ವಾಕ್ ಮತ್ತು ಶ್ರವಣಕ್ಕೆ ಸೇರಿದ್ದು, ಮನಃಶಾಸ್ತ್ರ ಪದವಿಯಲ್ಲ. ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲೇ ಈ ಸಂಸ್ಥೆ ಇರುವುದರಿಂದ ಇವೆರಡನ್ನೂ ಕಲಸಿಕೊಳ್ಳುವವರು ಪ್ರತಿ ವರ್ಷವೂ ಇರುತ್ತಾರೆ.

ಈಗ ವಿಷಯಗಳ ಜೋಡಣೆಗೆ ಬರೋಣ. ನಮ್ಮ ಬಿ.ಎ.ಯಲ್ಲಿ ಮನಃಶಾಸ್ತ್ರ ಒಂಟಿಯಾಗಿ ಸಿಗುವುದಿಲ್ಲ, ಬೇರೆ ವಿಷಯಗಳ ಜೊತೆಗೇ ಬರುತ್ತದೆ. ಸಮಾಜಶಾಸ್ತ್ರ, ಪತ್ರಿಕೋದ್ಯಮ, ಇಂಗ್ಲಿಷ್ ಸಾಹಿತ್ಯ, ಹೀಗೆ. ಯಾವ ಜೋಡಣೆ ಇದೆ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ. ಮನಃಶಾಸ್ತ್ರಕ್ಕೆ ಪ್ರಯೋಗಾಲಯ ಉಂಟು, ಆದ್ದರಿಂದ ಇತಿಹಾಸ, ರಾಜ್ಯಶಾಸ್ತ್ರದ ತರಗತಿಯಂತೆ ನೂರು ಜನರನ್ನು ಒಂದೇ ಕೋಣೆಯಲ್ಲಿ ಕೂರಿಸಲಾಗುವುದಿಲ್ಲ. ಸೀಟುಗಳಿಗೆ ಮಿತಿ ಇದೆ, ಬೇಗ ತುಂಬುತ್ತವೆ. ಬಿ.ಎ.ಗೆ ಸೀಟು ಸಿಕ್ಕಿತು ಎಂದು ಸಂತೋಷಪಟ್ಟು, ರಸೀದಿ ನೋಡಿದರೆ ಇತಿಹಾಸ-ಅರ್ಥಶಾಸ್ತ್ರದ ಜೋಡಣೆ ಇರುತ್ತದೆ. ಆಮೇಲೆ ಬದಲಾಯಿಸಬಹುದು ಬಿಡಿ ಎಂದು ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. ಮುಂದೆ ಎಂ.ಎಸ್ಸಿ. ಮನಃಶಾಸ್ತ್ರಕ್ಕೆ ಸಾಮಾನ್ಯವಾಗಿ ಪದವಿಯಲ್ಲಿ ಮನಃಶಾಸ್ತ್ರವನ್ನು ಪ್ರಧಾನ ವಿಷಯವಾಗಿ ಓದಿರಬೇಕೆಂದು ಕೇಳುತ್ತಾರೆ. ಜೋಡಣೆ ಇಲ್ಲಿ ತಪ್ಪಿದರೆ ಪೆಟ್ಟು ಬೀಳುವುದು ಮೂರು ವರ್ಷದ ನಂತರ.

ಮೂರು ವರ್ಷ ಎಂದೆ. 2021ರಲ್ಲಿ ಶುರುವಾದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಹಾಗಾಗಿ ನಿಮ್ಮ ಅಣ್ಣನೋ ಅಕ್ಕನೋ 2022ರಲ್ಲಿ ಸೇರಿದಾಗಿನ ಪಠ್ಯಕ್ರಮ, ವಿಷಯ ಆಯ್ಕೆಯ ನಿಯಮ ಇವತ್ತಿನದಲ್ಲ.

ಕಾಗದಪತ್ರದ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ ಈಗ ಯುಯುಸಿಎಂಎಸ್ ಪೋರ್ಟಲ್ ಮೂಲಕ. ಅದಕ್ಕೆ ಆಧಾರ್, ಮೊಬೈಲ್ ಸಂಖ್ಯೆ, ಪಿಯು ನೋಂದಣಿ ಸಂಖ್ಯೆ ಕೈಯಲ್ಲಿರಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿದೆಯೇ ಮೊದಲು ನೋಡಿ. ವರ್ಷ ಬಿಟ್ಟವರಲ್ಲಿ ಸಿಮ್ ಬದಲಾಯಿಸಿದವರು ಬಹಳ. ಒಟಿಪಿ ಬರದೆ ಕೊನೇ ದಿನ ಒದ್ದಾಡುವುದು ಇದೇ ಕಾರಣಕ್ಕೆ.

ಎರಡನೆಯದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ರಮ್ಯ ಎಂ.' ಎಂದಿದೆ, ಆಧಾರ್‌ನಲ್ಲಿ 'ರಮ್ಯ ಮಹದೇವ' ಎಂದಿದೆ ಅನ್ನಿ. ಸರಿಪಡಿಸಬೇಕಾದದ್ದು ಆಧಾರ್, ಅಂಕಪಟ್ಟಿಯಲ್ಲ. ಮುಂದೆ ಎಲ್ಲ ದಾಖಲೆಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಆಧಾರ, ಮಂಡಳಿಯಿಂದ ಅದನ್ನು ತಿದ್ದಿಸಲು ತಿಂಗಳುಗಳು ಹಿಡಿಯುತ್ತವೆ. ಆದರೆ ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಸೈಬರ್ ಸೆಂಟರಿನವರು ಟೈಪ್ ಮಾಡಿದ ಅಕ್ಷರ ನೋಡದೆ ಸಹಿ ಹಾಕಬೇಡಿ.

ಮೂರನೆಯದು ಟಿಸಿ, ಅಂದರೆ ವರ್ಗಾವಣೆ ಪತ್ರ. ಪಿಯು ಕಾಲೇಜಿನಿಂದ ಇನ್ನೂ ತಂದಿಲ್ಲ ಎನ್ನುವವರು ನಾಳೆಯೇ ಹೋಗಿ ತನ್ನಿ. ಜೊತೆಗೆ ನಡತೆ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ. ಕಳೆದುಹೋಗಿದ್ದರೆ ಪೊಲೀಸರಿಗೆ ದೂರು ಕೊಟ್ಟ ಸ್ವೀಕೃತಿ ಮತ್ತು ಅಫಿಡವಿಟ್ ಇಟ್ಟುಕೊಂಡು ಕಾಲೇಜಿಗೆ ಅರ್ಜಿ ಹಾಕಿ ನಕಲು ಪಡೆಯಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಬೇರೆ ಕೋರ್ಸಿಗೆ ಸೇರಿ ಬಿಟ್ಟವರಿಗೆ ತೊಡಕು ಇನ್ನೂ ಹೆಚ್ಚು, ಏಕೆಂದರೆ ಅವರ ಟಿಸಿ ಆ ಕಾಲೇಜಿಗೆ ಹೋಗಿಯಾಗಿದೆ. ಅಲ್ಲಿ ಬರವಣಿಗೆಯಲ್ಲಿ ಪ್ರವೇಶ ರದ್ದುಪಡಿಸಿಕೊಂಡು, ಹೊಸ ಟಿಸಿ ಪಡೆದು, ಪೋರ್ಟಲ್‌ನಲ್ಲಿ ಹಳೇ ಪ್ರವೇಶ ಉಳಿದಿದ್ದರೆ ಅದನ್ನೂ ತೆಗೆಸಬೇಕು. ಪೂರ್ತಿ ಶುಲ್ಕ ಕಟ್ಟುವವರೆಗೂ ಮೂಲ ಅಂಕಪಟ್ಟಿ ಕೊಡುವುದಿಲ್ಲ ಎಂದು ಹಿಡಿದಿಟ್ಟುಕೊಳ್ಳುವ ಕಾಲೇಜುಗಳೂ ಉಂಟು. ಮೂಲ ಪ್ರಮಾಣಪತ್ರ ಇಟ್ಟುಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಬಾಯಿಮಾತಿನಲ್ಲಿ ವಾದ ಮಾಡುವುದಕ್ಕಿಂತ, ಆ ಅಧಿಸೂಚನೆಯನ್ನು ಉಲ್ಲೇಖಿಸಿ ಪ್ರಾಂಶುಪಾಲರಿಗೆ ಪತ್ರ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ನಾಲ್ಕನೆಯದು ವರ್ಷ ಬಿಟ್ಟಿದ್ದಕ್ಕೆ ವಿವರಣೆ. ಕೆಲವು ಕಾಲೇಜುಗಳು ಅಫಿಡವಿಟ್ ಕೇಳುತ್ತವೆ, ಕೆಲವು ಕೇಳುವುದಿಲ್ಲ. ಕೇಳಿದರೆ ಇ-ಸ್ಟಾಂಪ್ ಕಾಗದದ ಮೇಲೆ ನೋಟರಿ ಮಾಡಿಸಿದ ನಾಲ್ಕು ಸಾಲು ಸಾಕು: ಯಾವ ವರ್ಷ ಪಿಯುಸಿ ಪಾಸಾದದ್ದು, ಆಮೇಲೆ ಯಾವ ಕಾಲೇಜಿಗೂ ಸೇರಿಲ್ಲ ಎಂಬುದು, ಬಿಟ್ಟ ಕಾರಣ, ಸಹಿ. ನಡುವೆ ಎಲ್ಲಾದರೂ ಸೇರಿದ್ದರೆ ಮುಚ್ಚಿಡಬೇಡಿ. ಪ್ರಮಾಣ ಮಾಡಿ ಸುಳ್ಳು ಬರೆದದ್ದು ಆಮೇಲೆ ಗೊತ್ತಾದರೆ ಪ್ರವೇಶವೇ ರದ್ದಾಗಬಹುದು. ಅನಾರೋಗ್ಯ ಕಾರಣವಾದರೆ ಕಾಯಿಲೆಯ ಹೆಸರು ಬರೆಯಬೇಕಾಗಿಲ್ಲ, 'ಆರೋಗ್ಯದ ಕಾರಣದಿಂದ' ಎಂದರೆ ಸಾಕು.

ಸಿಬಿಎಸ್‌ಇ ಅಥವಾ ಹೊರ ರಾಜ್ಯದ ಮಂಡಳಿಯಿಂದ ಬಂದವರಿಗೆ ವಲಸೆ ಪ್ರಮಾಣಪತ್ರವೂ ವಿಶ್ವವಿದ್ಯಾಲಯದ ಅರ್ಹತಾ ಪತ್ರವೂ ಬೇಕಾಗುತ್ತವೆ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಅದರ ಮೇಲಿರುವ ಆರ್‌ಡಿ ಸಂಖ್ಯೆಯೇ ವಿದ್ಯಾರ್ಥಿವೇತನದ ಅರ್ಜಿಗೂ ಬೇಕು. ಆದಾಯ ಪತ್ರದ ಅವಧಿ ಐದು ವರ್ಷ, ಎಸ್ಸೆಸ್ಸೆಲ್ಸಿಗೆ ಮೊದಲೇ ಮಾಡಿಸಿದ್ದು ಈಗ ಮುಗಿದಿರಬಹುದು, ದಿನಾಂಕ ನೋಡಿ.

ಪಿಯುಸಿಯಲ್ಲಿ ವಿಷಯ ಉಳಿಸಿಕೊಂಡವರಿಗೆ ಒಂದು ಮಾತು. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಕೊನೆಯ ಪರೀಕ್ಷೆಯಲ್ಲಿ ಪಾಸಾದವರಿಗೆ ಫಲಿತಾಂಶ ಬರುವ ಹೊತ್ತಿಗೆ ಒಳ್ಳೆಯ ಕಾಲೇಜುಗಳಲ್ಲಿ ಮನಃಶಾಸ್ತ್ರದ ಸೀಟು ಮುಗಿಯುತ್ತಾ ಬಂದಿರುತ್ತದೆ. ಆಗಲೇ ಗ್ಯಾಪ್ ಆಗಿರುವವರು ಪರೀಕ್ಷೆ-1ರಲ್ಲೇ ಮುಗಿಸಿಕೊಳ್ಳುವ ಲೆಕ್ಕ ಹಾಕಬೇಕು.

ಮೈಸೂರು ಬಿಟ್ಟು ಹೊರಗೆ ನೋಡುವವರಿಗೆ ಸಿಯುಇಟಿ, ಅಂದರೆ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ ಇದೆ. ದೆಹಲಿ ವಿಶ್ವವಿದ್ಯಾಲಯ, ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಇನ್ನೂ ಹಲವು ಇದರ ಅಂಕ ನೋಡುತ್ತವೆ. ವರ್ಷ ಬಿಟ್ಟವರಿಗೆ ನನ್ನ ಲೆಕ್ಕದಲ್ಲಿ ಅತ್ಯಂತ ಅನುಕೂಲದ ಪರೀಕ್ಷೆ ಇದು. ಯಾವ ವರ್ಷ ಪಾಸಾದವರೂ ಬರೆಯಬಹುದು, ವಯಸ್ಸಿನ ಮಿತಿ ಪರೀಕ್ಷೆಗೆ ಇಲ್ಲ. 2025ರಿಂದ, ಪಿಯುಸಿಯಲ್ಲಿ ಓದದ ವಿಷಯವನ್ನೂ ಆರಿಸಿಕೊಳ್ಳಬಹುದು. ಅಂದರೆ ಪಿಸಿಎಂಬಿ ಓದಿದ ಹುಡುಗಿ ಮನಃಶಾಸ್ತ್ರದ ಪತ್ರಿಕೆ ಬರೆಯಬಹುದು. ಹದಿಮೂರು ಭಾಷೆಗಳಲ್ಲಿ ಕನ್ನಡವೂ ಒಂದು. ಗರಿಷ್ಠ ಐದು ಪತ್ರಿಕೆ, ಒಂದೊಂದಕ್ಕೆ 60 ನಿಮಿಷ, 50 ಪ್ರಶ್ನೆ, ಒಟ್ಟು 250 ಅಂಕ. ಸರಿಗೆ 5, ತಪ್ಪಿಗೆ 1 ಕಳೆತ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒಂದನ್ನು ಒತ್ತಿದರೂ ಸರಾಸರಿಯಲ್ಲಿ ಪ್ರತಿ ಪ್ರಶ್ನೆಗೆ ಅರ್ಧ ಅಂಕ ಲಾಭವೇ: ನಾಲ್ಕು ಪ್ರಶ್ನೆಗೆ ಒಂದು ಸರಿಯಾದರೆ 5, ಮೂರು ತಪ್ಪಾದರೆ 3 ಕಳೆತ, ಉಳಿದದ್ದು 2. ನೀಟ್‌ನ ಅಭ್ಯಾಸದಿಂದ ಬಂದವರು ಗೊತ್ತಿಲ್ಲದ ಪ್ರಶ್ನೆ ಬಿಟ್ಟುಬಿಡುತ್ತಾರೆ. ಅಲ್ಲಿ 4ಕ್ಕೆ 1 ಕಳೆತ, ಲಾಭ ಇನ್ನೂ ಸಣ್ಣದು. ಇಲ್ಲಿ ಒಂದು ಆಯ್ಕೆಯನ್ನಾದರೂ ಖಚಿತವಾಗಿ ಹೊಡೆದುಹಾಕಲು ಸಾಧ್ಯವಾದರೆ ಬಿಡಬೇಡಿ.

ಮನಃಶಾಸ್ತ್ರ ಪತ್ರಿಕೆಗೆ ಎನ್‌ಸಿಇಆರ್‌ಟಿಯ 12ನೇ ತರಗತಿ ಪುಸ್ತಕವೇ ಬುನಾದಿ. ಬುದ್ಧಿಶಕ್ತಿಯ ವ್ಯತ್ಯಾಸಗಳು, ಸ್ವ ಮತ್ತು ವ್ಯಕ್ತಿತ್ವ, ಒತ್ತಡ, ಮಾನಸಿಕ ಅಸ್ವಸ್ಥತೆಗಳು, ಚಿಕಿತ್ಸಾ ವಿಧಾನಗಳು, ಮನೋಭಾವ, ಗುಂಪಿನ ಪ್ರಭಾವ ಇವು ಅಧ್ಯಾಯಗಳು. ಎರಡು ತಿಂಗಳು ಕೂತರೆ ಹೊಸಬರಿಗೂ ಹಿಡಿತಕ್ಕೆ ಬರುತ್ತದೆ. ಎಡವುವುದು ಅರ್ಜಿಯಲ್ಲಿ. 2025ರಲ್ಲಿ ಅರ್ಜಿ ಮಾರ್ಚ್ 1ಕ್ಕೆ ಶುರುವಾಗಿ ಆ ತಿಂಗಳೊಳಗೇ ಮುಗಿಯಿತು, ಫಲಿತಾಂಶ ಜುಲೈ 4ಕ್ಕೆ ಬಂತು. ಪಿಯು ಮಕ್ಕಳು ಪರೀಕ್ಷೆಯ ಗಡಿಬಿಡಿಯಲ್ಲಿರುವಾಗಲೇ ಇದೆಲ್ಲ ಆಗುತ್ತದೆ. ನಿಮಗೆ ಆ ಗಡಿಬಿಡಿ ಇಲ್ಲ, ಆದರೂ ಜನವರಿಯಿಂದಲೇ ಎನ್‌ಟಿಎ (ಈ ಪರೀಕ್ಷೆ ನಡೆಸುವ ಸಂಸ್ಥೆ) ಪ್ರಕಟಣೆಗಳನ್ನು ನೋಡುತ್ತಿರಿ. ಪತ್ರಿಕೆ ಆರಿಸುವ ಮೊದಲು ನೀವು ಬಯಸುವ ವಿಶ್ವವಿದ್ಯಾಲಯ ಮನಃಶಾಸ್ತ್ರ ಪದವಿಗೆ ಯಾವ ಭಾಷೆ, ಯಾವ ವಿಷಯಗಳ ಗುಂಪು ಕೇಳುತ್ತದೆ ಎಂದು ಅದರ ಪ್ರವೇಶ ಮಾಹಿತಿಯಲ್ಲೇ ಓದಿ. ಪರೀಕ್ಷೆ ಬರೆದಾದಮೇಲೆ ವಿಶ್ವವಿದ್ಯಾಲಯಕ್ಕೆ ಬೇರೆಯಾಗಿ ಅರ್ಜಿ ಹಾಕಬೇಕು ಎಂಬುದನ್ನೂ ಮರೆಯಬೇಡಿ.

ಇನ್ನೊಂದು ಗುಂಡಿ: ರಾಜ್ಯದ 2ಎ, 3ಎ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಪತ್ರ ಬೇಕು, ಕೆನೆಪದರಕ್ಕೆ ಸೇರಿಲ್ಲ ಎಂಬ ಉಲ್ಲೇಖದೊಂದಿಗೆ, ಚಾಲ್ತಿ ಹಣಕಾಸು ವರ್ಷದ್ದು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಮೊದಲು ಪಟ್ಟಿ ನೋಡಿ, ಆಮೇಲೆ ತಾಲ್ಲೂಕು ಕಚೇರಿಗೆ ಹೋಗಿ.

ಹೇಗೂ ವರ್ಷ ಹೋಗಿದೆ, ದುಡಿಯುತ್ತಲೇ ದೂರಶಿಕ್ಷಣದಲ್ಲಿ ಮನಃಶಾಸ್ತ್ರ ಓದಲಿ ಎಂದು ಯೋಚಿಸುತ್ತಿರುವ ಪೋಷಕರು ಇದನ್ನು ಗಮನವಿಟ್ಟು ಕೇಳಿ. ಮುಕ್ತ ವಿಶ್ವವಿದ್ಯಾಲಯ ಮೈಸೂರಿನ ಮುಕ್ತಗಂಗೋತ್ರಿಯಲ್ಲೇ ಇದೆ, ಆ ಯೋಚನೆ ಬರುವುದು ಸಹಜ. ಆದರೆ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ನೀಡಬಾರದೆಂದು ಯುಜಿಸಿ ದೇಶದ ಎಲ್ಲ ಸಂಸ್ಥೆಗಳಿಗೂ ಸೂಚಿಸಿದೆ. 2021ರ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಈ ವಿಷಯ ಬಂದದ್ದು ಕಾರಣ. ಹಲವು ವಿಷಯಗಳ ಬಿ.ಎ.ಯಲ್ಲೂ ಮನಃಶಾಸ್ತ್ರವನ್ನು ಮಾತ್ರ ತೆಗೆಯಬೇಕಾಗುತ್ತದೆ. ಹಾಗಾಗಿ ಮನೆಯಲ್ಲೇ ಕೂತು ಸೈಕಾಲಜಿ ಪದವಿ ಪಡೆಯಿರಿ ಎಂಬ ಜಾಹೀರಾತು ಮೊಬೈಲ್‌ಗೆ ಬಂದರೆ ಹಣ ಕಟ್ಟಬೇಡಿ. ಮೂರು ತಿಂಗಳ ಕೌನ್ಸೆಲಿಂಗ್ ಡಿಪ್ಲೊಮಾಗಳನ್ನೂ ನಾನು ಅದೇ ಸಾಲಿಗೆ ಸೇರಿಸುತ್ತೇನೆ. ಪದವಿ ಪ್ರವೇಶದಲ್ಲಿ ಅವುಗಳಿಗೆ ಬೆಲೆ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಅದಕ್ಕೆ ಪರಿಷತ್ತು ಮಾನ್ಯ ಮಾಡಿದ ವೃತ್ತಿಪರ ಕೋರ್ಸನ್ನೇ ಓದಿರಬೇಕು.

ಬ್ರಿಟನ್‌ಗೆ ಹೋಗುವ ಆಸೆಯವರು ಇಲ್ಲಿ ಕಡಿಮೆ, ಚುಟುಕಾಗಿ ಹೇಳುತ್ತೇನೆ. ಅರ್ಜಿ ಯುಕ್ಯಾಸ್ ಎಂಬ ಅಲ್ಲಿನ ಸಾಮಾನ್ಯ ಪ್ರವೇಶ ವ್ಯವಸ್ಥೆಯ ಮೂಲಕ, ಐದು ಆಯ್ಕೆ. 2026ರ ಪ್ರವೇಶದಿಂದ ಹಳೇ ಪ್ರಬಂಧದ ಬದಲು ಮೂರು ಪ್ರಶ್ನೆಗಳಿಗೆ ಉತ್ತರ, ಒಟ್ಟು 4000 ಅಕ್ಷರ. ಮೂರನೆಯ ಪ್ರಶ್ನೆ ತರಗತಿಯ ಹೊರಗೆ ಮಾಡಿದ ತಯಾರಿಯ ಬಗ್ಗೆಯೇ ಕೇಳುತ್ತದೆ, ಬಿಟ್ಟ ವರ್ಷದ ಮಾತು ಅಲ್ಲಿ ಬರಬೇಕು. ಎಸ್ಸೆಸ್ಸೆಲ್ಸಿಯ ಗಣಿತದ ಅಂಕ ನೋಡುತ್ತಾರೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಎರಡೇ ವರ್ಷ ನಡೆಯುತ್ತದೆ, ಬೇಗ ಬರೆದಿಟ್ಟುಕೊಂಡು ಅವಧಿ ಕಳೆದುಕೊಳ್ಳಬೇಡಿ.

ಇನ್ನು ಉಳಿದ ತಿಂಗಳುಗಳಲ್ಲಿ ಏನು ಓದಬೇಕು? ಫ್ರಾಯ್ಡ್ ಎಂದು ಎಲ್ಲರೂ ಹೇಳುತ್ತಾರೆ. ನಾನು ಸಂಖ್ಯಾಶಾಸ್ತ್ರ ಎನ್ನುತ್ತೇನೆ. ಮೈಸೂರಿನಲ್ಲಿ 1924ರಲ್ಲಿ ವಿಭಾಗ ಶುರುವಾದಾಗಿನಿಂದಲೂ ಈ ವಿಷಯ ಪ್ರಯೋಗಾಲಯದ ಜೊತೆಯಲ್ಲೇ ಬೆಳೆದದ್ದು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ, ಬುದ್ಧಿಶಕ್ತಿಯನ್ನು ಸಂಖ್ಯಾಶಾಸ್ತ್ರದಿಂದ ಅಧ್ಯಯನ ಮಾಡಿದ ಸ್ಪಿಯರ್‌ಮನ್ ಬಳಿ ಕಲಿತು ಬಂದವರು, 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ಆರಂಭಿಸಿದವರೂ ಅವರೇ. ಪ್ರಯೋಗಾಲಯದಲ್ಲಿ ನೀವು ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ಎಳೆಯುತ್ತೀರಿ, ಮ್ಯೂಲರ್-ಲೈಯರ್ ಭ್ರಮೆಯನ್ನು (ಒಂದೇ ಉದ್ದದ ಎರಡು ಗೆರೆ ಬೇರೆ ಬೇರೆ ಉದ್ದ ಕಾಣುವುದು) ಮಿಲಿಮೀಟರಿನಲ್ಲಿ ಅಳೆಯುತ್ತೀರಿ, ಪ್ರತಿಕ್ರಿಯಾ ಕಾಲವನ್ನು ಗುರುತು ಮಾಡುತ್ತೀರಿ. ಆಮೇಲೆ ಅಂಕಿಗಳ ಮುಂದೆ ಕೂರುತ್ತೀರಿ. ಐದು ಪ್ರತಿಕ್ರಿಯಾ ಕಾಲ ಬಂದವು ಅನ್ನಿ: 240, 250, 260, 270, 480 ಮಿಲಿಸೆಕೆಂಡ್. ಸರಾಸರಿ 300. ಆದರೆ ಐದರಲ್ಲಿ ನಾಲ್ಕು 300ಕ್ಕಿಂತ ಕಡಿಮೆ ಇವೆ. ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಸಂಖ್ಯೆ, ಅಂದರೆ ಮಧ್ಯಾಂಕ, 260. ಎಲ್ಲೋ ಒಂದು ಸಲ ಗಮನ ಬೇರೆಡೆ ಹೋಯಿತು, ಆ 480 ಸರಾಸರಿಯನ್ನು ಎಳೆದುಬಿಟ್ಟಿತು. ಯಾವಾಗ ಸರಾಸರಿ ಬರೆಯಬೇಕು, ಯಾವಾಗ ಮಧ್ಯಾಂಕ ಎಂಬುದು ಇಷ್ಟರಿಂದಲೇ ಗೊತ್ತಾಗಬೇಕು. ಇದರ ಜೊತೆಗೆ ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ), ಸಹಸಂಬಂಧ (ಎರಡು ಅಳತೆಗಳು ಎಷ್ಟು ಒಟ್ಟಿಗೆ ಬದಲಾಗುತ್ತವೆ ಎಂಬುದು) ಇವೆರಡನ್ನು ಕೈಯಲ್ಲೇ ಲೆಕ್ಕ ಹಾಕಲು ಕಲಿತರೆ ಮೊದಲ ವರ್ಷದ ದೊಡ್ಡ ಭಯ ಹೋಗುತ್ತದೆ. ಬಿ.ಎ. ಉತ್ತರ ಕನ್ನಡದಲ್ಲಿ ಬರೆಯಬಹುದು. ಆದರೆ ಸ್ನಾತಕೋತ್ತರದ ಪುಸ್ತಕಗಳು ಇಂಗ್ಲಿಷಿನವೇ, ದಿನಕ್ಕೆ ಎರಡು ಪುಟ ಓದುವ ರೂಢಿ ಈಗಲೇ ಇರಲಿ.

ಅಂಕಪಟ್ಟಿ, ಆಧಾರ್ ತಂದಿರುವವರು ಈಗ ಮುಂದೆ ಬನ್ನಿ. ಹೆಸರು, ಜನ್ಮದಿನಾಂಕ ಎರಡೂ ಹೊಂದುತ್ತವೆಯೇ ಮೊದಲು ನೋಡಿಬಿಡೋಣ.