ಕೈ ಎಲ್ಲಿಂದ ಹೋಗುತ್ತೆ?

(ಎಂಜಿನಿಯರ್ಸ್ ದಿನದಂದು ಮೈಸೂರಿನಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಸೆಪ್ಟೆಂಬರ್ 15 ಬಂತು ಅಂದರೆ ನಮ್ಮ ಮೈಸೂರು, ಮಂಡ್ಯದವರಿಗೆ ಕನ್ನಂಬಾಡಿ ಕಟ್ಟೆ ಕಣ್ಣ ಮುಂದೆ ಬರುತ್ತೆ. ಬರಬೇಕಾದದ್ದೇ. ನಾನು ಇವತ್ತು ತಂದಿರೋದು ಮಾತ್ರ ಒಂದು ಬಟ್ಟೆಯ ಚೀಲದಲ್ಲಿ ಹಿಡಿಯುವಂಥ ವಸ್ತು. ಇದೋ, ಈ ಮೇಜಿನ ಮೇಲಿದೆ. ಒಂದೂವರೆ ಗೇಣು ಉದ್ದ, ಮೇಲೆ ಕಡ್ಡಿಯ ಹಾಗೆ ಸಣ್ಣ, ಕೆಳಗೆ ಒಂದು ಎಣ್ಣೆ ಕೊಳವೆ. ರಿಂಗ್ ಫ್ರೇಮು ಅಂದರೆ ಮಿಲ್ಲಿನಲ್ಲಿ ನೂಲು ತೆಗೆಯುವ ಯಂತ್ರ, ಅದರ ಸ್ಪಿಂಡಲ್ ಇದು. ನಮ್ಮ ಅಜ್ಜಿಯರ ಮಾತಿನಲ್ಲಿ ಕದಿರು.

ಇವತ್ತಿನ ಮಿಲ್ಲಿನಲ್ಲಿ ಇದು ನಿಮಿಷಕ್ಕೆ 18,000 ಸುತ್ತು ತಿರುಗುತ್ತೆ ಅಂತ ಇಟ್ಟುಕೊಳ್ಳಿ. ಇದರ ಸುತ್ತ 38 ಮಿಲಿಮೀಟರಿನ ಒಂದು ಉಕ್ಕಿನ ಬಳೆ, ಬಳೆಯ ಮೇಲೆ ಟ್ರಾವೆಲರ್ ಅನ್ನೋ ಒಂದು ಪುಟ್ಟ ಕೊಂಡಿ. ಲೆಕ್ಕ ಹಾಕಿ ನೋಡಿ, ಆ ಕೊಂಡಿ ಸೆಕೆಂಡಿಗೆ ಸುಮಾರು 35 ಮೀಟರ್ ಓಡುತ್ತೆ. ಗಂಟೆಗೆ 125 ಕಿಲೋಮೀಟರಿಗೂ ಮೇಲೆ! ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ನಿಮ್ಮ ಕಾರಿಗೆ 100ರ ಮಿತಿ, ದಂಡದ ಭಯ ಬೇರೆ. ಈ ಕೊಂಡಿಗೆ ಅದ್ಯಾವುದೂ ಇಲ್ಲ. ಎಣ್ಣೆಯೂ ಇಲ್ಲ. ಹತ್ತಿಯ ನಾರೇ ಬಳೆಗೂ ಕೊಂಡಿಗೂ ನಡುವೆ ಅರೆದು ಒಂದು ತೆಳು ಪೊರೆಯಾಗುತ್ತೆ, ಅದರ ಮೇಲೆ ಅದು ಜಾರುತ್ತೆ. ನಾನು ಇದನ್ನು ಮೊದಲ ಸಲ ಕೇಳಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇದೆಲ್ಲ ಪುಸ್ತಕದಲ್ಲಿದೆ. ವೇಗ ಇದೆ, ಹುರಿ ಇದೆ, ಹತ್ತಿಯ ಎಳೆಯನ್ನು ಎಳೆದು ಸಣ್ಣ ಮಾಡುವ ಡ್ರಾಫ್ಟ್ ಇದೆ. ಇಂಥ 1,008 ಕದಿರು ಇರುವ ಯಂತ್ರದೊಳಗೆ ಏನಾದರೂ ಕೆಟ್ಟರೆ ಅದನ್ನು ಮುಟ್ಟೋದು ಹೇಗೆ ಅನ್ನೋದು ಮಾತ್ರ ಇಲ್ಲ. ಅದನ್ನು ನಾನು ಕಲಿತದ್ದು ಒಬ್ಬ ಫಿಟ್ಟರ್ ಮೇಸ್ತ್ರಿಯ ಹತ್ತಿರ.

ಡಿಪ್ಲೊಮಾ ಮುಗಿಸಿದ ವರ್ಷವೇ ನಂಜನಗೂಡಿನ ಕಡೆ ಒಂದು ನೂಲಿನ ಮಿಲ್ಲಿನಲ್ಲಿ ಮೇಂಟೆನೆನ್ಸಿಗೆ ಸೇರಿದೆ. ಮೇಸ್ತ್ರಿ ಮಂಡ್ಯದ ಕಡೆಯವರು. ಮೊದಲನೇ ವಾರವೇ ರಾತ್ರಿ ಪಾಳಿ. ಹನ್ನೊಂದು ಗಂಟೆ ಹೊತ್ತಿಗೆ ಒಂದು ಫ್ರೇಮಿನ ಹೊಟ್ಟೆಯಿಂದ ಜೀರುಂಡೆ ಕೂಗಿದ ಹಾಗೆ ಸದ್ದು. ಮೇಸ್ತ್ರಿ ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದೇ ಬೇರಿಂಗಿನ ಮನೆಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಫ್ರೇಮಿನ ಉದ್ದಕ್ಕೂ ಕುಕ್ಕರಗಾಲಲ್ಲಿ ನಡೆದರು. ನಡುಮಧ್ಯದಲ್ಲಿ ನಿಂತರು. "ಇದೇಯಾ" ಅಂದರು. ಅಷ್ಟು ಹೊತ್ತಿಗೆ ಗ್ರೀಸ್ ಸುಟ್ಟ ವಾಸನೆ ನನ್ನ ಮೂಗಿಗೂ ಬಂತು.

ಟಿನ್ ರೋಲರ್ ನೋಡಿದವರು ಇಲ್ಲಿ ಎಷ್ಟು ಜನ? ಕೈ ಎತ್ತಿ. ನಾಲ್ಕೈದು ಜನ. ಸರಿ, ಹೇಳ್ತೀನಿ. ಯಂತ್ರದ ತಳದಲ್ಲಿ ಈ ತುದಿಯಿಂದ ಆ ತುದಿವರೆಗೆ ಒಂದು ಟೊಳ್ಳು ಉರುಳೆ ಮಲಗಿರುತ್ತೆ. ಒಂದೇ ತುಂಡಲ್ಲ, ತುಂಡುತುಂಡಾಗಿ ಜೋಡಿಸಿದ್ದು. ತುಂಡು ತುಂಡಿನ ನಡುವೆ ಒಂದೊಂದು ಬೇರಿಂಗ್. ಆ ಉರುಳೆಗೆ ಬಟ್ಟೆಯ ಟೇಪು ಸುತ್ತಿ ಕದಿರು ತಿರುಗಿಸೋದು. ಒಂದು ಟೇಪಿಗೆ ನಾಲ್ಕು ಕದಿರು, ಈ ಕಡೆ ಎರಡು, ಆ ಕಡೆ ಎರಡು. ಟೇಪಿನ ಎರಡು ತುದಿಯನ್ನು ಹೊಲಿದಿರುತ್ತೆ, ಬಿಚ್ಚೋದಕ್ಕೆ ಬರೋದಿಲ್ಲ. ಬೇರಿಂಗೋ ಇಡೀ ಬಳೆ, ಉರುಳೆಯ ತುದಿಯಿಂದಲೇ ಜಾರಿಸಿ ತೆಗೀಬೇಕು. ಹಾಗಾದರೆ ಉರುಳೆಯನ್ನೇ ಹೊರಗೆ ಎಳೀಬೇಕು. ಉರುಳೆ ಎಳೀಬೇಕಾದರೆ ಅದರ ಮೇಲಿರುವ ಟೇಪುಗಳನ್ನೆಲ್ಲ ಕತ್ತರಿಸಬೇಕು.

ಕತ್ತರಿಸಿದೆವು. ಏನೂ ತಪ್ಪು ಮಾಡದ, ಹೋದ ತಿಂಗಳು ಹಾಕಿದ್ದ ಟೇಪುಗಳು! ಉರುಳೆ ಎಳೆದೆವು, ಬೇರಿಂಗ್ ತೆಗೆದೆವು. ಹೊಸ ಬೇರಿಂಗ್ ಹಾಕೋದಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಮಿಕ್ಕ ರಾತ್ರಿಯೆಲ್ಲ ಅದನ್ನು ತಲುಪೋದಕ್ಕೆ, ಆಮೇಲೆ ಬಿಚ್ಚಿದ್ದನ್ನು ಮುಚ್ಚೋದಕ್ಕೆ, ಒಂದೊಂದು ಟೇಪನ್ನೂ ಹೊಸದಾಗಿ ಸುತ್ತಿ ಹೊಲಿಯೋದಕ್ಕೆ. ಬೆಳಗಿನ ಪಾಳಿಯ ಹೆಣ್ಣುಮಕ್ಕಳು ಬುತ್ತಿ ಹಿಡಿದು ಒಳಗೆ ಬರುವಾಗ ನಾವು ಇನ್ನೂ ಯಂತ್ರದ ಕೆಳಗೇ ಇದ್ದೆವು. ಮೇಸ್ತ್ರಿ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದರು, "ಅಲ್ಲಾ ಸಾ, ಹಲ್ ನೋವು ಅಂತ ಬಂದೋನ್ಗೆ ಬಾಯ್ ತೆಗಿ ಅನ್ಬೇಕು. ಇದ್ನ ಮಾಡ್ದೋನು ಹೊಟ್ಟೆ ಸೀಳು ಅಂತಾವ್ನಲ್ಲ!"

ನಗ್ತೀರಿ, ನಾನೂ ನಕ್ಕೆ. ಆದರೆ ಅವರು ನಗಲಿಲ್ಲ. ಚಾಕ್‌ಪೀಸ್ ತಗೊಂಡು ನೆಲದ ಮೇಲೇ ಚಿತ್ರ ಬರೆದರು. ಎರಡು ಉರುಳೆಯ ನಡುವೆ ಒಂದು ಗೇಣುದ್ದದ ಬೇರೆ ಶಾಫ್ಟ್, ಅದರ ಎರಡು ತುದಿಗೂ ಫ್ಲೇಂಜ್ ಅನ್ನೋ ಅಗಲದ ಬಿಲ್ಲೆ, ಫ್ಲೇಂಜಿಗೆ ಬೋಲ್ಟು. ಬೇರಿಂಗ್ ಆ ಗಿಡ್ಡ ಶಾಫ್ಟಿನ ಮೇಲೆ. ಬೋಲ್ಟು ಬಿಚ್ಚು, ಉರುಳೆಗಳ ಕೆಳಗೆ ಮರದ ಕಟ್ಟೆ ಕೊಡು, ಗಿಡ್ಡ ಶಾಫ್ಟನ್ನು ಬೇರಿಂಗ್ ಸಮೇತ ಎತ್ತಿಕೋ. ಟೇಪು ಇದ್ದಲ್ಲೇ ಇರುತ್ತೆ.

ಮೇಲಿನವರು ಒಪ್ಪಲಿಲ್ಲ. ತಯಾರಿಸಿದವರಿಗಿಂತ ನಿಮಗೆ ಗೊತ್ತಾ ಅಂದರು. ಎರಡು ವರ್ಷ ಕಾದು, ದಸರೆಯಲ್ಲಿ ಆಯುಧಪೂಜೆಗೆ ಮಿಲ್ಲು ನಿಂತಾಗ ಒಂದೇ ಒಂದು ಫ್ರೇಮಿಗೆ ಅಪ್ಪಣೆ ಸಿಕ್ಕಿತು. ಬನ್ನಿಮಂಟಪದ ಒಂದು ಲೇಥಿನಲ್ಲಿ ಶಾಫ್ಟು ಕಡೆಸಿದೆವು. ಫ್ಲೇಂಜಿನ ಮುಖಕ್ಕೆ ಒಂದು ಸಣ್ಣ ಮೆಟ್ಟಿಲು ಕೊಡಿಸಿದ್ದು ನಾನು. ಒಂದು ಇನ್ನೊಂದರೊಳಗೆ ಕೂತು ನಡುಗೆರೆ ತಾನಾಗಿ ಸೇರಬೇಕಲ್ಲ, ಬರೀ ಬೋಲ್ಟನ್ನು ನಂಬಿದರೆ ಉರುಳೆ ಕುಣಿಯುತ್ತೆ. ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿದೆವು, ಕುಂಕುಮ ಇಟ್ಟೆವು, ಕುಂಬಳಕಾಯಿ ಒಡೆದೆವು. ಮುಂದೆ ಆ ಫ್ರೇಮಿನಲ್ಲಿ ಬೇರಿಂಗ್ ಹೋದಾಗ ಎರಡು ಗಂಟೆಯಲ್ಲಿ ಯಂತ್ರ ಓಡುತ್ತಿತ್ತು. ಒಂದು ಟೇಪೂ ಕತ್ತರಿಸಲಿಲ್ಲ.

ಆಮೇಲೆ ಮಿಲ್ಲಿಗೆ ಹೊಸ ಯಂತ್ರದ ನಕ್ಷೆ ಬಂದಾಗೆಲ್ಲ ಮೇಸ್ತ್ರಿಯನ್ನು ಕರೆಯೋರು. ಅವರಿಗೆ ನಕ್ಷೆ ಪೂರ್ತಿ ಓದೋಕೆ ಬರ್ತಿರಲಿಲ್ಲ. ಒಂದೊಂದು ಭಾಗದ ಮೇಲೂ ಬೆರಳಿಟ್ಟು ಒಂದೇ ಪ್ರಶ್ನೆ ಕೇಳೋರು: "ಸಾ, ಕೈ ಎಲ್ಲಿಂದ ಹೋಯ್ತದೆ?"

ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಯಂತ್ರ ಬರೆಯುವವರು ಪ್ರತಿಯೊಂದು ಸವೆಯುವ ಭಾಗದ ಮೇಲೂ ಬೆರಳಿಟ್ಟು ಈ ಪ್ರಶ್ನೆ ಕೇಳಿಕೊಳ್ಳಬೇಕು. ಇವತ್ತಿನ ವೇಗದಲ್ಲಿ, ನೂಲು ಎಷ್ಟು ಸಣ್ಣ ಅಂತ ಹೇಳುವ ಕೌಂಟು 40 ಇದ್ದಾಗ, 1,008 ಕದಿರಿನ ಫ್ರೇಮು ಒಂದು ಪಾಳಿ ನಿಂತರೆ 100 ಕಿಲೋಗಿಂತ ಹೆಚ್ಚು ನೂಲು ಹೋಯಿತು ಅಂತಲೇ ಲೆಕ್ಕ.

ಈ ಪ್ರಶ್ನೆ ಮೇಸ್ತ್ರಿಗಿಂತ ಮೊದಲು ಕೇಳಿದ ಇನ್ನೊಬ್ಬರಿದ್ದಾರೆ. ಬದನವಾಳಿನ ಖಾದಿ ಕೇಂದ್ರ ಗೊತ್ತಲ್ಲ, ಇಲ್ಲೇ ನಂಜನಗೂಡು ದಾಟಿದರೆ. ಗಾಂಧೀಜಿ ಕಾಲಿಟ್ಟ ಜಾಗ. 1929ರಲ್ಲಿ ಗಾಂಧೀಜಿಯವರ ಅಖಿಲ ಭಾರತ ಚರಕಾ ಸಂಘ ಒಂದು ಸ್ಪರ್ಧೆ ಸಾರಿತು. ಒಳ್ಳೆಯ ಚರಕ ಮಾಡಿಕೊಟ್ಟವರಿಗೆ 1 ಲಕ್ಷ ರೂಪಾಯಿ! ಆ ಕಾಲದ ಲಕ್ಷ. ಷರತ್ತುಗಳನ್ನು ನೋಡಿ. ಹಗುರ ಇರಬೇಕು, ಹಳ್ಳಿಯ ಗುಡಿಸಲಲ್ಲಿ ನಡೀಬೇಕು, ಒಬ್ಬ ಹೆಣ್ಣುಮಗಳು ಎಂಟು ಗಂಟೆ ತಿರುಗಿಸಿದರೆ 16,000 ಅಡಿ ನೂಲು ಬರಬೇಕು, ಬೆಲೆ 150 ರೂಪಾಯಿ ಮೀರಬಾರದು. ಇಲ್ಲಿಯವರೆಗೆ ಯಾರಾದರೂ ಬರೆದಾರು. ಮುಂದಿನದು ಕೇಳಿ. ಕಾಲಕಾಲಕ್ಕೆ ರಿಪೇರಿ ಮಾಡಿಕೊಂಡರೆ 20 ವರ್ಷ ಓಡಬೇಕು, ಆ ರಿಪೇರಿಗೆ ಯಾವ ವರ್ಷವೂ ಯಂತ್ರದ ಬೆಲೆಯ 5 ಶೇಕಡಕ್ಕಿಂತ ಹೆಚ್ಚು ಆಗಬಾರದು. ಅಂದರೆ ವರ್ಷಕ್ಕೆ ಏಳೂವರೆ ರೂಪಾಯಿ. ರಿಪೇರಿಯ ಖರ್ಚು ಯಂತ್ರ ಹುಟ್ಟುವ ಮೊದಲೇ ಷರತ್ತಿನ ಪಟ್ಟಿಯಲ್ಲಿತ್ತು, ಸ್ವಾಮಿ! ಆ ಬಹುಮಾನ ಯಾರಿಗೂ ಸಿಗಲಿಲ್ಲ. ಆದರೆ ಇವತ್ತು ಕೋಟಿಗಟ್ಟಲೆಯ ಯಂತ್ರ ಕೊಳ್ಳುವ ಮಿಲ್ಲಿನವರು ಆ ಒಂದು ಸಾಲನ್ನು ತಮ್ಮ ಆರ್ಡರಿನಲ್ಲಿ ಸೇರಿಸಲಿ ಅಂತ ನಾನು ಹತ್ತು ವರ್ಷದಿಂದ ಹೇಳುತ್ತಿದ್ದೀನಿ.

ಈಗ ಈ ಕದಿರಿಗೆ ಬರೋಣ. ರಿಂಗ್ ಸ್ಪಿನ್ನಿಂಗ್ ಅಮೆರಿಕದಲ್ಲಿ ಹುಟ್ಟಿದ್ದು, ಜಾನ್ ಥಾರ್ಪ್ ಪೇಟೆಂಟ್ ಪಡೆದದ್ದು 1828ರಲ್ಲಿ. ಆಗಿನ ಕದಿರಿಗೆ ಎರಡು ಕಡೆ ಆಸರೆ, ಬೇರೆ ಬೇರೆ ಪಟ್ಟಿಯ ಮೇಲೆ. ಕೊರಳಿಗೆ ಒಂದು, ಪಾದಕ್ಕೆ ಒಂದು. ಎರಡೂ ಒಂದೇ ಗೆರೆಯಲ್ಲಿ ಇರಬೇಕು, ಎರಡಕ್ಕೂ ಮತ್ತೆ ಮತ್ತೆ ಎಣ್ಣೆ ಬಿಡಬೇಕು. ಎಣ್ಣೆ ಸಿಡಿದು ನೂಲು ಕಪ್ಪಾಗೋದು ಬೇರೆ. 1870ರ ದಶಕದಲ್ಲಿ ರ್‍ಯಾಬೆತ್ ಅನ್ನುವವರ ಕದಿರು ಬಂತು. ಎರಡು ಆಸರೆಯನ್ನೂ ಒಂದೇ ಕೊಳವೆಯೊಳಗೆ ಇಟ್ಟು, ಆ ಕೊಳವೆಯಲ್ಲೇ ಎಣ್ಣೆ ತುಂಬಿದರು. ಇದೇ ನೋಡಿ, ಇದೇ ಕೊಳವೆ. ದಿನಾ ಎಣ್ಣೆ ಹಾಕೋದು ತಪ್ಪಿತು, ಗೆರೆ ಹೊಂದಿಸೋ ಕಷ್ಟ ತಪ್ಪಿತು. ಅದರ ಜೊತೆಗೇ ವೇಗವೂ ಏರಿತು. ವೇಗ ಬೇಕಾದರೆ ಮೇಂಟೆನೆನ್ಸ್ ಕಷ್ಟ ಆಗೋದು ಸಹಜ ಅಂತ ಹೇಳೋರಿಗೆ ನಾನು ಈ ಕೊಳವೆ ತೋರಿಸ್ತೀನಿ.

ಇನ್ನೊಂದು, ಟಾಪ್ ಆರ್ಮ್. ನಾವು ಸೇರಿದಾಗಿನ ಹಳೇ ಫ್ರೇಮುಗಳಲ್ಲಿ ಹತ್ತಿಯ ಎಳೆಯನ್ನು ಎಳೆದು ಸಣ್ಣ ಮಾಡುವ ಮೇಲಿನ ರೋಲರುಗಳನ್ನು ಒತ್ತಿ ಹಿಡಿಯೋದಕ್ಕೆ ಕೆಳಗಡೆ ಕೊಕ್ಕೆ, ಸನ್ನೆ, ತೂಕದ ಗುಂಡು. ಹಾರುವ ಹತ್ತಿಯೆಲ್ಲ ಹೋಗಿ ಆ ಕೊಕ್ಕೆಗೇ ಮೆತ್ತಿಕೊಳ್ಳೋದು. ರೋಲರಿಗೆ ಎಳೆ ಸುತ್ತಿಕೊಂಡರೆ ಫ್ರೇಮು ನೋಡಿಕೊಳ್ಳುವ ಸೈಡರ್ ಹೆಣ್ಣುಮಗಳು ಅಷ್ಟನ್ನೂ ಬಿಡಿಸಬೇಕಿತ್ತು. ಈಗ ಆ ಕೆಲಸಕ್ಕೆ ಟಾಪ್ ಆರ್ಮ್, ಅದಕ್ಕೆ ಒಂದು ಹಿಡಿ. ಎತ್ತಿದರೆ ಮೂರೂ ರೋಲರು ಒಟ್ಟಿಗೆ ಬಾಯಿ ತೆರೆಯುತ್ತವೆ. ಎಳೆ ತೆಗಿ, ರೋಲರಿನ ಮೇಲಿನ ಏಪ್ರನ್ ಪಟ್ಟಿ ಒರೆಸು, ಹಿಡಿ ಒತ್ತು, ಟಕ್ ಅನ್ನುತ್ತೆ, ಒತ್ತಡ ಮೊದಲು ಎಷ್ಟಿತ್ತೋ ಅಷ್ಟೇ. ಗಾಳಿಯ ಒತ್ತಡದ ಆರ್ಮ್ ಆದರೆ ಇಡೀ ಫ್ರೇಮಿನದನ್ನು ಒಂದೇ ಕಡೆಯಿಂದ ತಗ್ಗಿಸಬಹುದು. ವಾರದ ರಜೆಗೆ ನಿಲ್ಲಿಸುವಾಗ ತಗ್ಗಿಸಿದರೆ ರೋಲರಿಗೆ ಹೊದಿಸಿದ ರಬ್ಬರ್ ಕಾಟಿನಲ್ಲಿ ತಗ್ಗು ಬೀಳೋದಿಲ್ಲ. ಆ ಹಿಡಿಯ ಅಳತೆ ಗಮನಿಸಿ, ಸರಿಯಾಗಿ ನಾಲ್ಕು ಬೆರಳಿಗೆ. ಕೈ ಎಲ್ಲಿಂದ ಹೋಗುತ್ತೆ ಅಂತ ಯೋಚಿಸಿದವರು ಮಾಡಿದ್ದು ಅದು.

ಅದೇ ಫ್ರೇಮಿನ ತಲೆಯ ಕಡೆಯ ಬಾಗಿಲುಗಳನ್ನು ನೋಡಿ. ಎಷ್ಟೋ ಯಂತ್ರದಲ್ಲಿ ಒಬ್ಬರೇ ಎತ್ತೋಕಾಗದ ತಗಡು, ಹತ್ತು ಸ್ಕ್ರೂ. ನಾಲ್ಕು ಸಲ ಬಿಚ್ಚಿದ ಮೇಲೆ ಎರಡು ಸ್ಕ್ರೂ ಕಳೆದುಹೋಗಿ, ಕೊನೆಗೆ ತಗಡೇ ಗೋಡೆಗೆ ಒರಗಿಕೊಂಡು ನಿಲ್ಲುತ್ತೆ, ಗೇರು ಬೆತ್ತಲೆ ತಿರುಗುತ್ತೆ. ನಾವು ಆಮೇಲೆ ಕೆಲಸಗಾರನಿಗೆ ಸುರಕ್ಷತೆಯ ಪಾಠ ಹೇಳ್ತೀವಿ. ಒಂದು ತಿರುಗಣಿ, ಒಂದು ಚಿಲಕ, ಬಾಗಿಲು ತೆರೆದರೆ ಮೋಟಾರ್ ನಿಲ್ಲಿಸುವ ಒಂದು ಸ್ವಿಚ್ಚು ಇದ್ದರೆ ಆ ಪಾಠದ ಅರ್ಧ ಬೇಕಾಗೋದಿಲ್ಲ. ಈಗ ಮಿಲ್ಲುಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಇರುವಾಗ ಇಪ್ಪತ್ತು ಕಿಲೋ ತೂಗುವ ತಗಡು ಯಾಕೆ ಬೇಕು?

ಅಧ್ಯಕ್ಷರು ಗಡಿಯಾರ ನೋಡ್ತಿದ್ದಾರೆ. ಹತ್ತೇ ನಿಮಿಷ ಸಾರ್, ಐದೇ ಸಾಕು. ಟೇಪಿನಿಂದ ಬೆಲ್ಟಿಗೆ ಬಂದದ್ದು, ಗಾಳಿ ಊದಿಕೊಂಡು ಫ್ರೇಮಿನ ಮೇಲೆ ಓಡಾಡುವ ಕ್ಲೀನರು, ಕಡಿದ ಎಳೆಯನ್ನು ಹೀರುವ ಕೊಳವೆ, ಇವನ್ನು ಹೇಳಬೇಕು ಅಂತ ಬರೆದುಕೊಂಡಿದ್ದೆ. ಪ್ರಶ್ನೋತ್ತರದಲ್ಲಿ ಕೇಳಿ.

ಒಂದನ್ನು ಮಾತ್ರ ಬಿಡೋದಿಲ್ಲ. ಮೊದಲು ಕೌಂಟು ಬದಲಾಯಿಸಬೇಕಾದರೆ ಗೇರಿನ ಚಕ್ರ ಬದಲಾಯಿಸುತ್ತಿದ್ದೆವು. ಹಲ್ಲು ಹಲ್ಲಿನ ನಡುವೆ ಒಂದು ಕಾಗದದ ತುಂಡು ಸಿಗಿಸಿ, ಒತ್ತಿ ಬಿಗಿದು, ತಿರುಗಿಸಿ ಕಾಗದ ಹೊರಗೆ ತೆಗೆದರೆ ಸಂದು ಸರಿ. ಈಗ ಸರ್ವೊ ಮೋಟಾರ್, ಪರದೆಯ ಮೇಲೆ ಅಂಕಿ ಒತ್ತಿದರೆ ಮುಗೀತು. ಬಹಳ ದೊಡ್ಡ ಅನುಕೂಲ, ನಾನು ಎರಡು ಕೈಯಲ್ಲೂ ಸ್ವಾಗತಿಸ್ತೀನಿ. ಆದರೆ ನನಗೆ ಗೊತ್ತಿರುವ ಒಂದು ಮಿಲ್ಲಿನಲ್ಲಿ ಮೋಟಾರ್ ನಡೆಸುವ ಡ್ರೈವಿನ ಒಂದು ಎಲೆಕ್ಟ್ರಾನಿಕ್ ಕಾರ್ಡು ಕೆಟ್ಟು ಫ್ರೇಮು ಹನ್ನೊಂದು ದಿನ ನಿಂತಿತು. ಕಾರ್ಡು ನಾಲ್ಕನೇ ದಿನವೇ ಬಂದಿತ್ತು. ಪಾಸ್‌ವರ್ಡು ಹಾಕುವ ಮನುಷ್ಯ ಬರಲಿಲ್ಲ. ತಗಡಿಗೆ ಹತ್ತು ಸ್ಕ್ರೂ ಹಾಕಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಫಿಟ್ಟರಿನ ಕೈ ಒಳಗೆ ಹೋಗಬಾರದು ಅಂತ ಬೇಕೆಂದೇ ಬಾಗಿಲು ಮುಚ್ಚಿದ್ದಾರೆ. ಯಂತ್ರ ಕೊಂಡವನ ಹತ್ತಿರ ಅದರ ಕೀಲಿ ಇರಬೇಕು. ನಿಮ್ಮಲ್ಲಿ ನಾಳೆ ಕಂಟ್ರೋಲ್ ಪ್ಯಾನೆಲ್ ಬರೆಯೋರು ಇದ್ದೀರಿ, ನಿಮ್ಮನ್ನು ಕೈ ಮುಗಿದು ಕೇಳ್ತೀನಿ.

ಚೀಟಿ ಬಂತು. ಆಯಿತು, ಮುಗಿಸಿದೆ.

ಈ ಕದಿರನ್ನು ಮುಂದಿನ ಸಾಲಿನಿಂದ ಕಳಿಸ್ತಿದ್ದೀನಿ, ಎಲ್ಲರೂ ಕೈಯಲ್ಲಿ ಹಿಡಿದು ನೋಡಿ. ಪಕ್ಕದ ಈ ಕೊಕ್ಕೆಯನ್ನು ಹೆಬ್ಬೆರಳಲ್ಲಿ ಸರಿಸಿ ಮೇಲಕ್ಕೆಳೆದರೆ ಕಡ್ಡಿ ಕೊಳವೆಯಿಂದ ಹೊರಗೆ ಬರುತ್ತೆ, ಸ್ಪ್ಯಾನರ್ ಬೇಡ. ಒಳಗೆ ಎಣ್ಣೆ ಇದೆ, ಓರೆ ಮಾಡಬೇಡಿ. ಕೈ ಒರೆಸಿಕೊಳ್ಳೋಕೆ ಚೀಲದಲ್ಲಿ ಹತ್ತಿ ವೇಸ್ಟ್ ತಂದಿದ್ದೀನಿ. ಯಾರು ಮೊದಲು ತಗೋತೀರಿ? ಬಾಮ್ಮ, ನೀನೇ ತಗೋ.