ಶ್ವಾಸಕೋಶ ಹೇಳುವ ಹೃದಯದ ಸುದ್ದಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾಲ್ಕು ತಿಂಗಳ ಕೂಸೊಂದು ಈಗಲೂ ನನ್ನ ಕಣ್ಣ ಮುಂದಿದೆ. ಹಾಲು ಕುಡಿಯಲು ತೊಡಗಿದರೆ ಎರಡು ಗುಟುಕಿಗೊಮ್ಮೆ ನಿಲ್ಲಿಸುತ್ತಿತ್ತು. ಹಣೆಯ ಮೇಲೆ ಬೆವರು ಮೂಡುತ್ತಿತ್ತು. ಹೊಟ್ಟೆ ತುಂಬುವ ಮೊದಲೇ ದಣಿದು ನಿದ್ದೆಗೆ ಜಾರುತ್ತಿತ್ತು. ಎರಡು ಬಾರಿ ಆಸ್ಪತ್ರೆ ಸೇರಿ, ಎರಡು ಬಾರಿಯೂ ನ್ಯುಮೋನಿಯಾ ಎಂದು ಔಷಧ ಪಡೆದು ಮನೆಗೆ ಮರಳಿತ್ತು. ಮೂರನೆಯ ಬಾರಿ ಬಂದಾಗ ತಾಯಿ ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ಮಡಿಸದೆ, ಜೋಪಾನವಾಗಿ ಲಕೋಟೆಯಲ್ಲಿಟ್ಟು ತಂದಿದ್ದರು. ಹೊಸದನ್ನೂ ಸೇರಿಸಿ ಮೂರನ್ನೂ ಬೆಳಕಿನ ಪೆಟ್ಟಿಗೆಯ ಮೇಲೆ ಸಾಲಾಗಿ ಸಿಕ್ಕಿಸಿದೆ. ಮೂರರಲ್ಲೂ ಹೃದಯ ಅಗಲವಾಗಿತ್ತು, ಶ್ವಾಸಕೋಶದ ರಕ್ತನಾಳಗಳು ದಪ್ಪಗೆ ಅಂಚಿನವರೆಗೂ ಹರಡಿದ್ದವು. ಮೊದಲ ಫಿಲ್ಮಿನಲ್ಲೇ ಇದ್ದ ಸುದ್ದಿ ಅದು. ಸೋಂಕನ್ನು ಹುಡುಕುತ್ತಿದ್ದ ಕಣ್ಣಿಗೆ ಕಾಣದೆ ಹೋಗಿತ್ತು. ಆ ಮಗುವನ್ನು ನೆನೆದೇ, ಜನ್ಮಜಾತ ಹೃದ್ರೋಗದಲ್ಲಿ ಎದೆಯ ಎಕ್ಸ್‌ರೇಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಇಂದು ಹೇಳಲು ಕುಳಿತಿದ್ದೇನೆ.

ಹುಟ್ಟುವ 1000 ಮಕ್ಕಳಲ್ಲಿ ಸುಮಾರು 8ರಿಂದ 9 ಮಕ್ಕಳ ಹೃದಯದಲ್ಲಿ ಒಂದಲ್ಲ ಒಂದು ರಚನಾ ದೋಷ ಇರುತ್ತದೆ. ಕೆಲವು ತಾವಾಗಿಯೇ ಸರಿಹೋಗುತ್ತವೆ, ಕೆಲವು ಹುಟ್ಟಿದ ವಾರದಲ್ಲೇ ಪ್ರಾಣಕ್ಕೆ ಎರವಾಗುತ್ತವೆ.

ಎಕ್ಸ್‌ರೇ ಎಂದರೆ ನೆರಳು, ಅಷ್ಟೇ. 1895ರಲ್ಲಿ ಜರ್ಮನಿಯ ವಿಲ್ಹೆಲ್ಮ್ ರಾಂಟ್ಜನ್ ಈ ಕಿರಣಗಳನ್ನು ಕಂಡುಹಿಡಿದು ತಮ್ಮ ಪತ್ನಿಯ ಕೈಯ ಚಿತ್ರ ತೆಗೆದಾಗ ಮೂಳೆಗಳೂ ಬೆರಳಿನ ಉಂಗುರವೂ ಮೂಡಿದ್ದವು. ಗಾಳಿಯನ್ನು ಕಿರಣ ಸಲೀಸಾಗಿ ಹಾದುಹೋಗುತ್ತದೆ, ಆ ಜಾಗ ಕಪ್ಪಾಗುತ್ತದೆ. ಮೂಳೆ ತಡೆಯುತ್ತದೆ, ಬಿಳಿಯಾಗಿ ಉಳಿಯುತ್ತದೆ. ಆದರೆ ಹೃದಯದ ಸ್ನಾಯುವೂ ಅದರೊಳಗಿನ ರಕ್ತವೂ ಕಿರಣವನ್ನು ಹೆಚ್ಚುಕಡಿಮೆ ಒಂದೇ ಸಮ ತಡೆಯುತ್ತವೆ. ಹಾಗಾಗಿ ಗೋಡೆ ಯಾವುದು, ಕೋಣೆ ಯಾವುದು, ಕವಾಟ ಎಲ್ಲಿದೆ ಎಂದು ನೆರಳಿನಲ್ಲಿ ಗೊತ್ತಾಗುವುದಿಲ್ಲ. "ಎಕ್ಸ್‌ರೇಯಲ್ಲಿ ಹೃದಯದ ರಂಧ್ರ ಕಂಡಿತೇ ಡಾಕ್ಟರೇ?" ಎಂದು ಅನೇಕ ತಂದೆತಾಯಂದಿರು ಕೇಳುತ್ತಾರೆ. ರಂಧ್ರ ಎಕ್ಸ್‌ರೇಯಲ್ಲಿ ಎಂದೂ ಕಾಣುವುದಿಲ್ಲ.

ಹಾಗಾದರೆ ಕಾಣುವುದೇನು? ಶ್ವಾಸಕೋಶದ ತುಂಬ ಗಾಳಿ. ಆ ಕಪ್ಪಿನ ನಡುವೆ ರಕ್ತ ತುಂಬಿದ ನಾಳಗಳು ಬೂದುಬಣ್ಣದ ಕೊಂಬೆಗಳಂತೆ ಎದ್ದು ಕಾಣುತ್ತವೆ. ಹೃದಯದ ಬಳಿ ದಪ್ಪಗಿದ್ದು, ಕವಲೊಡೆಯುತ್ತ ತೆಳುವಾಗಿ, ಎದೆಗೂಡಿನ ಹೊರ ಅಂಚಿಗೆ ಬರುವಷ್ಟರಲ್ಲಿ ಕಣ್ಮರೆಯಾಗುತ್ತವೆ. ಆರೋಗ್ಯವಂತರಲ್ಲಿ ಹೀಗೆ. ಹೃದಯದ ಗೋಡೆಯಲ್ಲಿ ರಂಧ್ರವಿದ್ದು ಎಡಗಡೆಯ ರಕ್ತ ಬಲಗಡೆಗೆ ನುಗ್ಗುತ್ತಿದ್ದರೆ, ದೇಹಕ್ಕೆ ಹೋಗಬೇಕಾದ ರಕ್ತದ ಒಂದು ಪಾಲು ಮತ್ತೆ ಮತ್ತೆ ಶ್ವಾಸಕೋಶಕ್ಕೇ ಸುತ್ತುತ್ತದೆ. ಆಗ ಕೊಂಬೆಗಳು ಉಬ್ಬುತ್ತವೆ, ಅಂಚಿನಲ್ಲೂ ಮಾಯವಾಗುವುದಿಲ್ಲ. ಅದಕ್ಕೇ ನಾನು ಕಿರಿಯ ವೈದ್ಯರಿಗೆ ಸದಾ ಹೇಳುವುದು: ಹೃದ್ರೋಗದ ಶಂಕೆಯಿದ್ದರೆ ಫಿಲ್ಮಿನಲ್ಲಿ ಮೊದಲು ಶ್ವಾಸಕೋಶ ನೋಡಿ, ಹೃದಯವನ್ನು ಆಮೇಲೆ ನೋಡಿ.

ಇದಕ್ಕೂ ಒಂದು ಮಿತಿಯಿದೆ. ಶ್ವಾಸಕೋಶಕ್ಕೆ ಹರಿಯುವ ರಕ್ತ ದೇಹಕ್ಕೆ ಹರಿಯುವುದರ ಸುಮಾರು ಎರಡರಷ್ಟಾದ ಮೇಲೆಯೇ ಈ ಬದಲಾವಣೆ ಕಣ್ಣಿಗೆ ನಿಚ್ಚಳವಾಗುತ್ತದೆ. ಸಣ್ಣ ರಂಧ್ರವಿರುವ ಮಗುವಿನ ಎಕ್ಸ್‌ರೇ ಪೂರ್ತಿ ಸಹಜವಾಗಿರಬಹುದು. ಎಕ್ಸ್‌ರೇ ಚೆನ್ನಾಗಿದೆ ಎಂದ ಮಾತ್ರಕ್ಕೆ ಹೃದಯದಲ್ಲಿ ದೋಷವಿಲ್ಲ ಎಂದು ಯಾರೂ ಭರವಸೆ ಕೊಡಬಾರದು.

ಇನ್ನು ನೀಲಿಗಟ್ಟಿದ ಮಕ್ಕಳು. ತುಟಿ, ಉಗುರು ನೀಲಿಯಾಗಿರುವ ಮಗುವಿನ ಫಿಲ್ಮಿನಲ್ಲಿ ಶ್ವಾಸಕೋಶ ಅತಿಯಾಗಿ ಕಪ್ಪಾಗಿ, ನಾಳಗಳು ಸೊರಗಿ ಎಳೆಯಷ್ಟೇ ಉಳಿದಿದ್ದರೆ ಅಲ್ಲಿಗೆ ರಕ್ತವೇ ಸಾಲುತ್ತಿಲ್ಲ ಎಂದರ್ಥ. 1888ರಲ್ಲಿ ಫ್ರಾನ್ಸಿನ ವೈದ್ಯ ಫ್ಯಾಲೋ ವಿವರಿಸಿದ ನಾಲ್ಕು ದೋಷಗಳ ಕೂಟ ಇದಕ್ಕೆ ಒಳ್ಳೆಯ ಉದಾಹರಣೆ. ಮಗು ನೀಲಿಯಾಗಿದ್ದೂ ನಾಳಗಳು ಉಬ್ಬಿದ್ದರೆ ಹೃದಯದಿಂದ ಹೊರಡುವ ಎರಡು ಮಹಾನಾಳಗಳು ಅದಲುಬದಲಾಗಿರುವಂಥ ಬೇರೆಯದೇ ಕಾಯಿಲೆಗಳತ್ತ ಮನಸ್ಸು ಹೊರಳಬೇಕು. ಮಗು ನೀಲಿಯೋ ಅಲ್ಲವೋ, ಶ್ವಾಸಕೋಶಕ್ಕೆ ರಕ್ತ ಹೆಚ್ಚೋ ಕಡಿಮೆಯೋ, ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಹತ್ತಾರು ಕಾಯಿಲೆಗಳ ಪಟ್ಟಿ ಮೂರು ನಾಲ್ಕಕ್ಕೆ ಇಳಿಯುತ್ತದೆ.

ಈ ದಾರಿಯಲ್ಲಿ ನಡೆದು ಚರಿತ್ರೆ ಬದಲಿಸಿದವರು ಹೆಲೆನ್ ಟಾಸಿಗ್. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1930ರ ದಶಕದಲ್ಲಿ ಮಕ್ಕಳ ಹೃದಯ ಚಿಕಿತ್ಸಾಲಯ ನಡೆಸುತ್ತಿದ್ದರು. ಅವರಿಗೆ ಕಿವಿ ಮಂದವಾಗಿತ್ತು. ಹೃದಯ ಬಡಿತದ ನಡುವೆ ಕೇಳುವ ಮರ್ಮರ ಎಂಬ ಸದ್ದನ್ನು ಬೆರಳುಗಳಿಂದಲೇ ಅರಿಯುವುದನ್ನು ರೂಢಿಸಿಕೊಂಡರು. ಎಕ್ಸ್‌ರೇ ಪರದೆಯ ಮುಂದೆ ಮಕ್ಕಳನ್ನು ಬೇರೆ ಬೇರೆ ಕೋನಗಳಲ್ಲಿ ತಿರುಗಿಸಿ ನೆರಳುಗಳನ್ನು ಗಮನಿಸಿದರು. ಫ್ಯಾಲೋ ಕಾಯಿಲೆಯ ನೀಲಿ ಮಕ್ಕಳಿಗೆ ಕೊರತೆಯಾಗಿರುವುದು ಶ್ವಾಸಕೋಶಕ್ಕೆ ಹೋಗುವ ರಕ್ತ, ಅದಕ್ಕೊಂದು ಹೊಸ ಕಾಲುವೆ ತೋಡಿಕೊಟ್ಟರೆ ಬದುಕುತ್ತಾರೆ ಎಂಬುದು ಅವರ ವಿಚಾರವಾಗಿತ್ತು. 1944ರ ನವೆಂಬರ್ 29ರಂದು ಅದೇ ಆಸ್ಪತ್ರೆಯ ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲೇಲಾಕ್ ಅಂಥ ಮೊದಲ ಶಸ್ತ್ರಚಿಕಿತ್ಸೆಯನ್ನು ಒಂದು ಎಳೆಯ ಮಗುವಿಗೆ ಮಾಡಿದರು. ಪ್ರಯೋಗಾಲಯದಲ್ಲಿ ಆ ವಿಧಾನವನ್ನು ಪಳಗಿಸಿದ್ದ ಸಹಾಯಕ ವಿವಿಯನ್ ಥಾಮಸ್, ಬ್ಲೇಲಾಕ್ ಅವರ ಬೆನ್ನ ಹಿಂದೆಯೇ ನಿಂತು ಸಲಹೆ ನೀಡುತ್ತಿದ್ದರು. ಶಬ್ದತರಂಗಗಳಿಂದ ಹೃದಯದ ಒಳಗನ್ನು ತೋರಿಸುವ ಎಕೋ ಪರೀಕ್ಷೆ ಆ ಕಾಲಕ್ಕೆ ಇರಲಿಲ್ಲ ಎಂಬುದನ್ನು ನೆನೆದರೆ ಟಾಸಿಗ್ ಅವರ ಕಣ್ಣಿಗೆ ಕೈ ಮುಗಿಯಬೇಕೆನಿಸುತ್ತದೆ.

ಪಠ್ಯಗಳಲ್ಲಿ ಹೃದಯದ ನೆರಳಿಗೆ ಬಗೆಬಗೆಯ ಹೆಸರುಗಳಿವೆ. ಫ್ಯಾಲೋ ಕಾಯಿಲೆಯಲ್ಲಿ ಬೂಟಿನಾಕಾರ, ಮಹಾನಾಳಗಳು ಅದಲುಬದಲಾದಾಗ ದಾರಕ್ಕೆ ಕಟ್ಟಿದ ಮೊಟ್ಟೆ, ಶ್ವಾಸಕೋಶದ ಅಭಿಧಮನಿಗಳು ದಾರಿ ತಪ್ಪಿ ಮೇಲುಗಡೆ ಸೇರಿದಾಗ ಹಿಮದ ಗೊಂಬೆ. ವಿದ್ಯಾರ್ಥಿಗಳು ಇವನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಈ ಆಕಾರಗಳನ್ನೇ ನಂಬಿ ಕೂರುವುದು ಅಪಾಯ. ಹಿಮದ ಗೊಂಬೆ ಹಸುಗೂಸಿನ ಮೊದಲ ದಿನಗಳಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ, ತಿಂಗಳುಗಳು ಕಳೆಯಬೇಕು. ಮಗು ಸ್ವಲ್ಪ ಹಿಂದಕ್ಕೆ ಬಾಗಿದ್ದರೂ ಸಾಕು, ಸಹಜ ಹೃದಯವೇ ಬೂಟಿನಂತೆ ಕಾಣುತ್ತದೆ.

ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂಬ ಮಾತು ಮಕ್ಕಳ ಎಕ್ಸ್‌ರೇಗೆ ಹೇಳಿ ಮಾಡಿಸಿದ್ದು. ಹೃದಯದ ಅಗಲವನ್ನು ಎದೆಗೂಡಿನ ಒಳ ಅಗಲಕ್ಕೆ ಹೋಲಿಸುತ್ತೇವೆ. ದೊಡ್ಡವರಲ್ಲಿ ಅದು ಅರ್ಧವನ್ನು ಮೀರಬಾರದು, ಹಸುಗೂಸುಗಳಲ್ಲಿ ಶೇ. 60ರ ಹತ್ತಿರ ಬಂದರೂ ಸಹಜವೇ. ಕೂಸು ಅಳುತ್ತ ಉಸಿರು ಬಿಟ್ಟ ಕ್ಷಣದಲ್ಲಿ ಚಿತ್ರ ತೆಗೆದರೆ ಎದೆ ಕುಗ್ಗಿ ಹೃದಯ ಹಿಗ್ಗಿದಂತೆ ಕಾಣುತ್ತದೆ. ಅಂಗಾತ ಮಲಗಿಸಿ ಮುಂದಿನಿಂದ ತೆಗೆದರೂ ಹಾಗೆಯೇ. ಇವೆಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಥೈಮಸ್ ಗ್ರಂಥಿ. ಎಳೆಯ ಮಕ್ಕಳಲ್ಲಿ ಅದು ಹೃದಯದ ಮೇಲ್ಭಾಗದಲ್ಲಿ ದೋಣಿಯ ಹಾಯಿಯಂತೆ ಪಕ್ಕಕ್ಕೆ ಚಾಚಿರುತ್ತದೆ. ಆ ನೆರಳನ್ನು ಹೃದಯಕ್ಕೆ ಸೇರಿಸಿ ಅಳೆದು, ಏನೂ ತೊಂದರೆಯಿಲ್ಲದ ಮಗುವಿನ ಮನೆಯವರ ನಿದ್ದೆ ಕೆಡಿಸಿದ ಪ್ರಸಂಗಗಳು ಎಷ್ಟೋ.

ಹೃದಯ ಚಿಕ್ಕದಾಗಿಯೇ ಇದ್ದು ಜೀವಕ್ಕೆ ಕುತ್ತು ತರುವುದೂ ಉಂಟು. ಶ್ವಾಸಕೋಶದಿಂದ ರಕ್ತ ಮರಳಿ ತರುವ ಅಭಿಧಮನಿಗಳೆಲ್ಲ ತಪ್ಪು ಜಾಗಕ್ಕೆ ಸೇರಿ, ದಾರಿಯಲ್ಲಿ ಅಡಚಣೆಯೂ ಇದ್ದರೆ, ಹುಟ್ಟಿದ ಒಂದೆರಡು ದಿನಗಳಲ್ಲೇ ಮಗು ಏದುಸಿರು ಬಿಡುತ್ತ ನೀಲಿಗಟ್ಟುತ್ತದೆ. ಫಿಲ್ಮಿನಲ್ಲಿ ಶ್ವಾಸಕೋಶ ಮಂಜು ಕವಿದಂತೆ ಬಿಳಿಚಿಕೊಂಡಿರುತ್ತದೆ, ಹೃದಯದ ಗಾತ್ರ ಸಹಜ. ಶ್ವಾಸಕೋಶದ ಕಾಯಿಲೆ ಎಂದೇ ಯಾರಾದರೂ ಭಾವಿಸುತ್ತಾರೆ. ಆಮ್ಲಜನಕ ಕೊಟ್ಟರೂ ನೀಲಿ ಬಣ್ಣ ಇಳಿಯದಿದ್ದರೆ ಆ ಫಿಲ್ಮನ್ನು ಪಕ್ಕಕ್ಕಿಟ್ಟು ಆ ಗಂಟೆಯಲ್ಲೇ ಎಕೋ ಮಾಡಿಸಬೇಕು. ತಡಮಾಡಿದರೆ ಮಗು ಕೈ ಮೀರುತ್ತದೆ.

ಫಿಲ್ಮಿನ ಮೂಲೆಗಳಲ್ಲೂ ಮಾಹಿತಿಯಿದೆ. ಜಠರದ ಗಾಳಿಗುಳ್ಳೆ ಎಡಗಡೆ, ಯಕೃತ್ತು ಬಲಗಡೆ, ಹೃದಯದ ತುದಿ ಎಡಕ್ಕೆ ಇರಬೇಕು. ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಒಟ್ಟಿಗೇ ಅದಲುಬದಲಾಗಿದ್ದರೆ ಹೃದಯ ಬಹುಪಾಲು ಸರಿಯಾಗಿಯೇ ಇರುತ್ತದೆ. ಒಂದು ಅತ್ತ, ಇನ್ನೊಂದು ಇತ್ತ ಎಂದಾದರೆ ದೊಡ್ಡ ದೋಷವಿದೆ ಎಂದೇ ಶಂಕಿಸಬೇಕು. ತಂತ್ರಜ್ಞರು ಎಡಬಲದ ಗುರುತನ್ನು ತಪ್ಪಿ ಇಟ್ಟರೆ ಈ ಸುಳಿವೇ ಹಾಳು. ಮಹಾಪಧಮನಿ ಹುಟ್ಟಿನಿಂದಲೇ ಕಿರಿದಾಗಿದ್ದವರಲ್ಲಿ, ಬಳಸು ದಾರಿಯಲ್ಲಿ ಹರಿಯುವ ರಕ್ತದಿಂದ ಉಬ್ಬಿದ ನಾಳಗಳು ಪಕ್ಕೆಲುಬಿನ ಕೆಳ ಅಂಚನ್ನು ಸವೆಸಿ ಕಚ್ಚು ಮೂಡಿಸುತ್ತವೆ. ಇದು ಸಾಮಾನ್ಯವಾಗಿ ಮಗು ಬೆಳೆದ ಮೇಲೆಯೇ ಕಾಣುವ ಗುರುತು.

ದೋಷದ ಹೆಸರು, ಜಾಗ, ಅಳತೆ ಎಲ್ಲವನ್ನೂ ಇಂದು ಎಕೋ ಹೇಳುತ್ತದೆ. ಆಟವಾಡಿಕೊಂಡು ಚೆನ್ನಾಗಿ ಬೆಳೆಯುತ್ತಿರುವ ಮಗುವಿನ ಎದೆಯಲ್ಲಿ ಮರ್ಮರ ಕೇಳಿತೆಂದು ಎಕ್ಸ್‌ರೇ ಮಾಡಿಸಿ ಸುಮ್ಮನಾಗುವುದು ಸರಿಯಲ್ಲ; ಸಂಶಯವಿದ್ದರೆ ಎಕೋ ಮಾಡಿಸುವುದೇ ಲೇಸು. ಎಕ್ಸ್‌ರೇಯ ಕೆಲಸ ಬೇರೆಡೆ ಇದೆ. ಉಸಿರಿಗಾಗಿ ಒದ್ದಾಡುವ ಮಗುವಿಗೆ ಮೊದಲು ಸಿಗುವ ಚಿತ್ರ ಅದೇ. ಶಸ್ತ್ರಚಿಕಿತ್ಸೆಯ ನಂತರ ಕೊಳವೆಗಳು ಸರಿಯಾದ ಜಾಗದಲ್ಲಿವೆಯೇ, ಎದೆಯಲ್ಲಿ ನೀರು ತುಂಬಿದೆಯೇ, ಎದೆ ಹೊಟ್ಟೆಗಳ ನಡುವಿನ ಪರದೆಯಾದ ವಪೆಯ ನರಕ್ಕೆ ಪೆಟ್ಟಾಗಿ ಅದರ ಒಂದು ಪಕ್ಕ ಮೇಲೇರಿದೆಯೇ ಎಂಬುದನ್ನು ಹಾಸಿಗೆಯ ಬಳಿಯೇ ತಿಳಿಸುತ್ತದೆ. ವಿಕಿರಣದ ಭಯ ಬೇಡ. ಮಗುವಿನ ಎದೆಯ ಒಂದು ಚಿತ್ರಕ್ಕೆ ತಗಲುವುದು, ನಿಸರ್ಗದಿಂದ ಎಲ್ಲರಿಗೂ ಕೆಲವೇ ದಿನಗಳಲ್ಲಿ ತಗಲುವಷ್ಟು ಮಾತ್ರ.

ನಾನು ಅತ್ಯಂತ ಬೆಲೆ ಕೊಡುವುದು ವರ್ಷಗಳ ಅಂತರದಲ್ಲಿ ತೆಗೆದ ಫಿಲ್ಮುಗಳ ಹೋಲಿಕೆಗೆ. ದೊಡ್ಡ ರಂಧ್ರವನ್ನು ಮುಚ್ಚದೆ ಬಿಟ್ಟರೆ, ಹೆಚ್ಚಿನ ರಕ್ತದ ಒತ್ತಡ ತಾಳಲಾರದೆ ಶ್ವಾಸಕೋಶದ ಸಣ್ಣ ನಾಳಗಳು ಕ್ರಮೇಣ ಗಡುಸಾಗಿ ಕಿರಿದಾಗುತ್ತವೆ. ಆಗ ಹೃದಯದ ನೆರಳು ಚಿಕ್ಕದಾಗುತ್ತದೆ. ಮಗುವಿನ ಏದುಸಿರು ಕಡಿಮೆಯಾಗುತ್ತದೆ. ಮನೆಯವರು ವಾಸಿಯಾಯಿತೆಂದು ಸಮಾಧಾನಪಡುತ್ತಾರೆ. ಆದರೆ ಫಿಲ್ಮುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಡುವಿನ ನಾಳಗಳು ಊದಿಕೊಂಡು, ಅಂಚಿನ ಕೊಂಬೆಗಳು ಕತ್ತರಿಸಿದಂತೆ ಮಾಯವಾಗಿರುವುದು ಕಾಣುತ್ತದೆ. ಆ ಹಂತ ಪೂರ್ತಿ ದಾಟಿದ ಮೇಲೆ ರಂಧ್ರ ಮುಚ್ಚುವ ಅವಕಾಶವೇ ತಪ್ಪಿಹೋಗುತ್ತದೆ. ಈ ಬದಲಾವಣೆಯನ್ನು ಆರಂಭದಲ್ಲೇ ಹಿಡಿಯಲು ಹಳೆಯ ಫಿಲ್ಮು ಕೈಯಲ್ಲಿರಬೇಕು.

ಮೊದಲು ಹೇಳಿದ ಕೂಸಿಗೆ ಎಕೋ ಮಾಡಿದಾಗ ಕೆಳಗಿನ ಎರಡು ಕೋಣೆಗಳ ನಡುವೆ ದೊಡ್ಡ ರಂಧ್ರವೇ ಇತ್ತು. ಸಕಾಲದಲ್ಲಿ ಮುಚ್ಚಿದರು. ತಿಂಗಳುಗಳ ಬಳಿಕ ತಾಯಿ ಅದೇ ಲಕೋಟೆಯೊಂದಿಗೆ ಬಂದರು. ಒಳಗೆ ಈಗ ನಾಲ್ಕು ಫಿಲ್ಮುಗಳಿದ್ದವು. ನಾಲ್ಕನೆಯದರಲ್ಲಿ ಎದೆಮೂಳೆಯ ಮೇಲೆ ಹೊಲಿಗೆಯ ತಂತಿಗಳು ಬೆಳ್ಳಗೆ ಮಿನುಗುತ್ತಿದ್ದವು. ಬೂದು ಕೊಂಬೆಗಳು ಅಂಚಿಗೆ ಬರುವಷ್ಟರಲ್ಲಿ ತೆಳುವಾಗಿ ಕರಗಿ ಹೋಗಿದ್ದವು.

ನಮಸ್ಕಾರ.